ಹಳೆಯ ಗಣಕಕ್ಕೆ ಲಿನಕ್ಸ್ ಒಗ್ಗೀತೇ?

ಮೂಲೆ ಸೇರಿದ ಗಣಕಯಂತ್ರವನ್ನು ಗುಜರಿಗೆ ಹಾಕುವ ಮುನ್ನ ಅನೇಕರು ಕೇಳುವ ಪ್ರಶ್ನೆ ಒಂದಿದೆ: ಇದರಲ್ಲಿ ಲಿನಕ್ಸ್ ನಡೆದೀತೇ? ಯಂತ್ರದ ವಯಸ್ಸನ್ನೂ ವೇಗವನ್ನೂ ನೋಡಿ ಉತ್ತರ ಹೇಳುವುದು ವಾಡಿಕೆ. ಆದರೆ ಲಿನಕ್ಸಿನ ಚರಿತ್ರೆ ಕಲಿಸುವ ಪಾಠ ಬೇರೆ.

1991ರ ಜನವರಿಯಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಒಂದು ಗಣಕ ಕೊಂಡರು. ಅದರಲ್ಲಿದ್ದುದು ಇಂಟೆಲ್ ಸಂಸ್ಥೆ 1985ರಲ್ಲಿ ಹೊರತಂದಿದ್ದ 386 ಪ್ರೊಸೆಸರ್; ಮೆಮೊರಿ ಕೇವಲ 4 ಮೆಗಾಬೈಟ್. ಯೂನಿಕ್ಸ್ ಮಾದರಿಯ ವ್ಯವಸ್ಥೆಯಲ್ಲಿ ಹಲವು ಕೆಲಸಗಳು ಒಟ್ಟಿಗೆ ಸಾಗುತ್ತವೆ. ಒಂದರ ಜಾಗಕ್ಕೆ ಇನ್ನೊಂದು ಕಾಲಿಡದಂತೆ ಕಾಯಬೇಕು. ಮೆಮೊರಿ ಸಾಲದಾದಾಗ ಅದರಲ್ಲಿದ್ದುದನ್ನು ಅಷ್ಟಷ್ಟಾಗಿ ಹಾರ್ಡ್ ಡಿಸ್ಕಿಗೆ ಸಾಗಿಸಬೇಕು. ಹಿಂದಿನ 286ರಲ್ಲಿ ಕಾವಲಿನ ಏರ್ಪಾಡು ಇತ್ತು. ಆದರೆ ಮೆಮೊರಿಯನ್ನು ಸಮಗಾತ್ರದ ಪುಟಗಳಾಗಿ ವಿಂಗಡಿಸುವ 'ಪೇಜಿಂಗ್' ಇರಲಿಲ್ಲ. 386ರಲ್ಲಿ ಎರಡೂ ಇದ್ದವು. ಲಿನಸ್ ಅವನ್ನೇ ನೆಚ್ಚಿ ಲಿನಕ್ಸನ್ನು ಕಟ್ಟಿದರು. ಹೀಗಾಗಿ 286ಕ್ಕೆ ಎಷ್ಟೇ ಮೆಮೊರಿ ಸೇರಿಸಿದರೂ ಮೂಲ ಲಿನಕ್ಸ್ ಅದರಲ್ಲಿ ನಡೆಯಲಿಲ್ಲ.

ಕಾಲ ಸರಿದಂತೆ ಗಡಿಯೂ ಸರಿಯಿತು. ಒಂದೇ ಗಣಕದಲ್ಲಿ ಹಲವು ಪ್ರೊಸೆಸರುಗಳು ದುಡಿಯುವಾಗ, ಮೆಮೊರಿಯಲ್ಲಿರುವ ಒಂದು ಸಂಖ್ಯೆಯನ್ನು ಹೋಲಿಸಿ ಬದಲಿಸುವ ಕೆಲಸ ಒಂದೇ ಆದೇಶದಲ್ಲಿ ಮುಗಿಯಬೇಕು. ಆ ಆದೇಶ ಬಂದದ್ದು 1989ರ 486ರಲ್ಲಿ. 386ಕ್ಕಾಗಿ ಬೇರೆಯಾಗಿ ಉಳಿಸಿಕೊಂಡಿದ್ದ ಪ್ರೋಗ್ರಾಂ ಸಾಲುಗಳು ಹೊರೆಯೆನಿಸಿ, 2012ರ ಡಿಸೆಂಬರಿನಲ್ಲಿ ಅವನ್ನು ತೆಗೆದುಹಾಕಲಾಯಿತು. 2013ರಲ್ಲಿ ಬಂದ 3.8ನೇ ಆವೃತ್ತಿಯಿಂದ ಲಿನಕ್ಸ್ ತಾನು ಹುಟ್ಟಿದ ಯಂತ್ರದಲ್ಲೇ ನಡೆಯದಾಯಿತು!

ಇನ್ನೊಂದು ಪ್ರಸಂಗ ಇದಕ್ಕಿಂತ ವಿಚಿತ್ರ. ಹೆಚ್ಚಿನ ಮೆಮೊರಿಯನ್ನು ಬಳಸಲು ನೆರವಾಗುವ 'ಪಿಎಇ' ಎಂಬ ಸೌಲಭ್ಯವನ್ನು ಹಲವು ಲಿನಕ್ಸ್ ಆವೃತ್ತಿಗಳು ಕಡ್ಡಾಯ ಮಾಡಿದವು. ಲ್ಯಾಪ್‌ಟಾಪುಗಳಿಗೆಂದು 2003ರಲ್ಲಿ ಬಂದ ಪೆಂಟಿಯಂ ಎಂ ಪ್ರೊಸೆಸರುಗಳಲ್ಲಿ ಕೆಲವು ಈ ಸೌಲಭ್ಯವನ್ನು ಪಡೆದಿದ್ದೂ ತಮ್ಮ ಗುಣಪಟ್ಟಿಯಲ್ಲಿ ಅದನ್ನು ತೋರಿಸುತ್ತಿರಲಿಲ್ಲ. ಪಟ್ಟಿಯನ್ನು ಓದಿದ ಲಿನಕ್ಸ್, ಚೆನ್ನಾಗಿಯೇ ಇದ್ದ ಯಂತ್ರವನ್ನು ತಿರಸ್ಕರಿಸುತ್ತಿತ್ತು. 2014ರಲ್ಲಿ 'ಫೋರ್ಸ್‌ಪಿಎಇ' ಎಂಬ ಸೂಚನೆ ಸೇರಿದ ಮೇಲೆ ಅದೇ ಲ್ಯಾಪ್‌ಟಾಪುಗಳು ಮತ್ತೆ ಕೆಲಸಕ್ಕೆ ಬಂದವು.

ಆದ್ದರಿಂದ ಪರೀಕ್ಷಿಸುವವರು ಮೊದಲು ಪ್ರೊಸೆಸರಿನ ಹೆಸರನ್ನೂ ಮೆಮೊರಿಯ ಪ್ರಮಾಣವನ್ನೂ ತಿಳಿಯಬೇಕು. ಆ ಪ್ರೊಸೆಸರನ್ನು ಒಪ್ಪುವ ಆವೃತ್ತಿಯನ್ನು ಹುಡುಕಬೇಕು. ಬಳಿಕ ಹಾರ್ಡ್ ಡಿಸ್ಕನ್ನು ಮುಟ್ಟದೆ, ಸಿ.ಡಿ. ಅಥವಾ ಪೆನ್ ಡ್ರೈವ್‌ನಿಂದಲೇ ಒಮ್ಮೆ ನಡೆಸಿ ನೋಡಬೇಕು. ಲಿನಕ್ಸ್ ಒಗ್ಗದಿದ್ದರೆ ಅದರ ಸೋದರಸಂಬಂಧಿಗಳಿವೆ. 1993ರಲ್ಲಿ ಆರಂಭವಾದ ನೆಟ್‌ಬಿಎಸ್‌ಡಿ, 1977ರಲ್ಲಿ ಮೊದಲಾದ ವ್ಯಾಕ್ಸ್ ಗಣಕಗಳ ಪೀಳಿಗೆಯನ್ನು 2024ರ ತನ್ನ ಹತ್ತನೇ ಆವೃತ್ತಿಯಲ್ಲೂ ಕೈಬಿಟ್ಟಿಲ್ಲ.

ಒಂದು ವ್ಯವಸ್ಥೆ ಬೇಡವೆಂದ ಮಾತ್ರಕ್ಕೆ ಯಂತ್ರದ ಆಯುಸ್ಸು ಮುಗಿಯಿತೆಂದಲ್ಲ. ಶಾಲೆಯೊಂದರ ಮಕ್ಕಳಿಗೆ ಅದು ಇನ್ನೂ ಹಲವು ವರ್ಷ ಪಾಠ ಹೇಳಬಹುದು.