ಬಯಲಿನ ಕಂಬಳಿ, ಮಲೆಯ ಬೇಟೆ

ದಾವಣಗೆರೆ ನಗರದ ದಕ್ಷಿಣಕ್ಕಿರುವ ಹದಡಿ ಇಂದು ಭದ್ರಾ ನಾಲೆಯ ನೀರುಂಡು ಭತ್ತ ಬೆಳೆಯುವ ಊರು. ನಾಲೆ ಬರುವ ಮುನ್ನ ಈ ಸುತ್ತಿನ ಹಳ್ಳಿಗಳು ಜೋಳ, ರಾಗಿ, ಹತ್ತಿಗಳ ಮಳೆಯಾಶ್ರಿತ ಬೇಸಾಯವನ್ನೂ ಕುರಿ ಸಾಕಣೆಯನ್ನೂ ನಂಬಿಕೊಂಡಿದ್ದವು. ಇಲ್ಲಿಂದ ಚನ್ನಗಿರಿಯ ಕಡೆಗೆ ಸಾಗಿದರೆ ಸೂಳೆಕೆರೆಯ ಸುತ್ತಲಿನ ಗುಡ್ಡಗಳು, ಅವುಗಳಾಚೆ ಉಬ್ರಾಣಿಯ ಕಾಡು, ಇನ್ನೂ ಮುಂದೆ ಭದ್ರಾ ಕಣಿವೆ ಮತ್ತು ಬಾಬಾಬುಡನ್ ಗಿರಿಗಳು ಎದುರಾಗುತ್ತವೆ. ಬಯಲಿನಲ್ಲಿ ಹುಲ್ಲೆ, ಮೊಲ, ಕೌಜುಗಗಳಿದ್ದವೇ ಹೊರತು ಕಡವೆ ಇರಲಿಲ್ಲ. ನಮ್ಮ ದೇಶದ ಜಿಂಕೆ ಜಾತಿಗಳಲ್ಲೆಲ್ಲ ದೊಡ್ಡದಾದ, ಸಿಂಹಳದ ಮಲೆಗಳಲ್ಲಿ ಬೇಟೆಯಾಡಿದ ಯುರೋಪಿಯನ್ನರು ತಮ್ಮ ನಾಡಿನ ಎಲ್ಕ್‌ನ ಹೆಸರಿನಿಂದಲೇ ಕರೆದ ಈ ಪ್ರಾಣಿಯನ್ನು ಅರಸುವವರು ಮಲೆ ಏರಲೇಬೇಕಾಗಿತ್ತು. ಆದುದರಿಂದ ಮೊದಲ ಬಾರಿಗೆ ಬೆಟ್ಟದ ಬೇಟೆಗೆ ಹೊರಡುವವನು ಏನನ್ನು ಉಡಬೇಕು, ಏನನ್ನು ಹೊರಬೇಕು ಎಂಬುದು ಬಯಲಿನವರಿಗೂ ಮಲೆಯವರಿಗೂ ಸಮಾನವಾಗಿ ಸೇರಿದ ಪ್ರಶ್ನೆಯಾಗಿತ್ತು. ಬೇಟೆಯ ಚರಿತ್ರೆಯನ್ನು ಬರೆದವರು ಬಿಲ್ಲು, ಕೋವಿ, ನಾಯಿಗಳಿಗೆ ಕೊಟ್ಟ ಗಮನದಲ್ಲಿ ಅಲ್ಪಾಂಶವನ್ನೂ ಉಡುಗೆಗೆ ಕೊಟ್ಟಿಲ್ಲ. ಆದರೆ ಮಲೆಯಲ್ಲಿ ಬೇಟೆಗಾರನನ್ನು ಉಳಿಸಿದ್ದು ಮುಖ್ಯವಾಗಿ ಬಯಲಿನ ಕುರುಬರು ನೇಯ್ದ ಕಪ್ಪು ಕಂಬಳಿ.

ಉಡುಗೆಯ ಆಯ್ಕೆಯನ್ನು ಮೊದಲು ನಿರ್ಧರಿಸಿದ್ದು ಪ್ರಾಣಿಯ ಸ್ವಭಾವ. ಬಲಿತ ಗಂಡು ಕಡವೆ ಇನ್ನೂರು ಕಿಲೋಗ್ರಾಂಗೂ ಮಿಕ್ಕಿ ತೂಗಬಲ್ಲದು. ಅದು ಹಗಲಿನ ಬಹುಪಾಲನ್ನು ದಟ್ಟ ಹಳುವಿನಲ್ಲಿ, ಅಂದರೆ ಪೊದೆ ಬೆಳೆದ ಕಾಡಿನಲ್ಲಿ, ಮಲಗಿ ಕಳೆದು ಮುಸ್ಸಂಜೆಯಿಂದ ನಸುಕಿನವರೆಗೆ ಮೇಯುತ್ತದೆ. ಅದರ ಮೂಗು ಮತ್ತು ಕಿವಿ ಅತಿ ಚುರುಕಾಗಿದ್ದು, ಅಲುಗಾಡದೆ ಕುಳಿತಿರುವುದನ್ನು ಗುರುತಿಸುವುದರಲ್ಲಿ ಕಣ್ಣು ಅಷ್ಟು ಚುರುಕಲ್ಲ. ಹೀಗಾಗಿ ಬೇಟೆಗಾರನ ಉಡುಗೆ ಸದ್ದು ಮಾಡಬಾರದು, ಮಬ್ಬುಗತ್ತಲಲ್ಲಿ ಬೆಳ್ಳಗೆ ಎದ್ದು ಕಾಣಬಾರದು, ಗಂಟೆಗಟ್ಟಲೆ ಕದಲದೆ ಕೂರುವವನನ್ನು ಚಳಿಯಿಂದ ಕಾಪಾಡಬೇಕು. ದಾವಣಗೆರೆಯ ಬಯಲು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದ್ದರೆ ಬಾಬಾಬುಡನ್ ಶ್ರೇಣಿಯ ಮುಳ್ಳಯ್ಯನಗಿರಿ 1,900 ಮೀಟರನ್ನು ದಾಟುತ್ತದೆ. ಸಾವಿರ ಮೀಟರ್ ಏರಿದರೆ ಉಷ್ಣತೆ ಆರೇಳು ಡಿಗ್ರಿ ಇಳಿಯುವುದರಿಂದ, ಬಯಲಿನ ಬಿಳಿಯ ಪಂಚೆಯೊಂದನ್ನೇ ಉಟ್ಟು ಮಲೆ ಹತ್ತಿದವನಿಗೆ ಮಂಜು ಮುಸುಕಿದ ಇರುಳು ಸಹಿಸಲಾಗದ್ದಾಗುತ್ತಿತ್ತು.

ಈ ಎಲ್ಲ ಅಗತ್ಯಗಳನ್ನೂ ಒಂದೇ ವಸ್ತು ಪೂರೈಸುತ್ತಿತ್ತು. ದಖ್ಖನಿನ ಕರಿ ಕುರಿಯ ಉಣ್ಣೆಗೆ ಬಣ್ಣ ಹಾಕುವ ಕೆಲಸವಿಲ್ಲ. ವರ್ಷಕ್ಕೆರಡು ಬಾರಿ ಕತ್ತರಿಸಿದ ಉಣ್ಣೆಯನ್ನು ಬಿಲ್ಲಿನಿಂದ ಹಿಂಜಿ, ಮನೆಯ ಹೆಂಗಸರು ನೂತ ನೂಲನ್ನು ಹಾಸಾಗಿ ಹೂಡಿ, ಹುಣಸೆ ಬೀಜವನ್ನು ಅರೆದು ಕುದಿಸಿದ ಸರಿಯನ್ನು, ಅಂದರೆ ಗಂಜಿಯಂತಹ ಅಂಟನ್ನು, ಕುಂಚದಿಂದ ಎಳೆ ಎಳೆಗೂ ಬಳಿದು ಒಣಗಿಸಿದ ಮೇಲೆ, ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂರುವ ಕುಣಿಮಗ್ಗದಲ್ಲಿ ಕಂಬಳಿಯನ್ನು ನೇಯಲಾಗುತ್ತಿತ್ತು. ಸರಿ ಹಿಡಿದ ಹೊಸ ಕಂಬಳಿ ಬಿರುಸಾಗಿರುತ್ತದೆ. ಮಳೆಯ ಹನಿ ಅದರ ಮೇಲ್ಮೈಯಿಂದ ಜಾರುತ್ತದೆ, ಜಡಿಮಳೆಯಲ್ಲಿ ನೆನೆದರೂ ಒಳಮೈ ಬೆಚ್ಚಗಿರುತ್ತದೆ. ಉಣ್ಣೆಯ ಎಳೆ ತನ್ನ ತೂಕದ ಸುಮಾರು ಮೂರರಲ್ಲೊಂದು ಪಾಲು ತೇವವನ್ನು ಒಳಗೆ ಹೀರಿಕೊಂಡೂ ಮುಟ್ಟಿದರೆ ಒದ್ದೆಯೆನಿಸದು. ಹತ್ತಿ ಬಟ್ಟೆ ನೆನೆದ ಕೂಡಲೇ ಮೈಗೆ ಅಂಟಿ ಶಾಖವನ್ನು ಕಳೆಯುತ್ತದೆ. ಕೊಂಬೆ ತಾಗಿದರೆ ಕಂಬಳಿ ಸರಸರ ಸದ್ದು ಮಾಡುವುದಿಲ್ಲ ಎಂಬುದು ಮತ್ತೊಂದು ಗುಣ; ಬೇಟೆಯಲ್ಲಿ ಇದರ ಬೆಲೆ ಬೆಚ್ಚನೆಯ ಬೆಲೆಗಿಂತ ಕಡಿಮೆಯದಲ್ಲ.

ಕಂಬಳಿಯನ್ನು ತೊಡುವ ಬಗೆಯನ್ನೂ ಕಲಿಯಬೇಕಾಗಿತ್ತು. ಅದರ ಒಂದು ತುದಿಯನ್ನು ಒಳಮಡಿಚಿ ಮೊನೆ ಬರುವಂತೆ ತಲೆಯ ಮೇಲಿಟ್ಟು, ಉಳಿದ ಉದ್ದವನ್ನು ಬೆನ್ನ ಮೇಲೆ ಮೊಣಕಾಲಿನ ಕೆಳಗಿನವರೆಗೆ ಇಳಿಬಿಟ್ಟರೆ ಅದು ಕಂಬಳಿಕೊಪ್ಪೆ. ಮುಂದೆ ತೆರೆದಿರುವುದರಿಂದ ಎರಡು ಕೈಗಳೂ ಕೆಲಸಕ್ಕೆ ಬಿಡುವಾಗಿರುತ್ತವೆ, ಕೋವಿಯ ಮದ್ದನ್ನು ಅದೇ ಮರೆಯಲ್ಲಿ ಒಣಗಿಡಬಹುದು. ರಾತ್ರಿಯಲ್ಲಿ ಅದು ಹಾಸಿಗೆ ಮತ್ತು ಹೊದಿಕೆ, ಮರಸು ಕೂತಾಗ, ಅಂದರೆ ಮರದ ಮೇಲೆ ಅಟ್ಟಣೆ ಕಟ್ಟಿ ಪ್ರಾಣಿಗಾಗಿ ಕಾಯುವಾಗ, ಮೈ ಮರೆಸುವ ಪರದೆ, ಬೇಟೆ ಮುಗಿದ ಮೇಲೆ ಮಾಂಸ ಕಟ್ಟುವ ಗಂಟು. ಮಲೆನಾಡಿನ ಗದ್ದೆಗಳಲ್ಲಿ ಕೆಲಸ ಮಾಡುವವರು ಬಿದಿರು ಮತ್ತು ಎಲೆಗಳಿಂದ ಹೆಣೆದ ಗೊರಬನ್ನೂ ಮಳೆಗೆ ಬಳಸುತ್ತಿದ್ದರಾದರೂ, ಬಗ್ಗಿ ಸಸಿ ನೆಡುವವರಿಗೆ ಒದಗುವ ಆ ಅಗಲವಾದ ಚಿಪ್ಪು ಹಳುವಿನಲ್ಲಿ ನುಸುಳುವವನಿಗೆ ತೊಡಕೇ ಸರಿ.

ಮಲೆನಾಡಿನ ಅತಿಮಳೆ ಕುರಿಗೆ ಹೊಂದುವುದಿಲ್ಲವಾದ್ದರಿಂದ ಅಲ್ಲಿಯ ಕಂಬಳಿ ಬಯಲಿನಿಂದಲೇ ಬರಬೇಕಾಗಿತ್ತು. ದಾವಣಗೆರೆ ಮೊದಲು ಬೇತೂರಿಗೆ ಸೇರಿದ ಸಣ್ಣ ಹಳ್ಳಿಯಾಗಿತ್ತು. ಹೈದರಾಲಿ ಅದನ್ನು ಮರಾಠಾ ಸರದಾರ ಅಪ್ಪಾಜಿರಾಮನಿಗೆ ಜಹಗೀರಾಗಿ ಕೊಟ್ಟ ಮೇಲೆ ಆತ ವರ್ತಕರನ್ನು ಕರೆಸಿ ನೆಲೆಗೊಳಿಸಿದನು. 1801ರಲ್ಲಿ ಈ ದಾರಿಯಲ್ಲಿ ಹಾದುಹೋದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ವ್ಯಾಪಾರವನ್ನೂ ಕಂಬಳಿ ನೇಯ್ಗೆಯನ್ನೂ ದಾಖಲಿಸಿದ್ದಾನೆ. ಮಲೆನಾಡಿನ ಅಡಿಕೆ, ಮೆಣಸುಗಳು ದಾವಣಗೆರೆಯ ವರ್ತಕರ ಮೂಲಕ ದೂರದ ವಾಲಾಜಾಪೇಟೆಯವರೆಗೆ ಸಾಗುತ್ತಿದ್ದ ಕಾಲವದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಿ. ಎಲ್. ರೈಸ್ ಸಿದ್ಧಪಡಿಸಿದ ಮೈಸೂರು ಗೆಜೆಟಿಯರ್ ದಾವಣಗೆರೆಯ ಕೈಗಾರಿಕೆಗಳಲ್ಲಿ ಕಂಬಳಿಗೇ ಅಗ್ರಸ್ಥಾನ ನೀಡಿ, ಅತಿ ನಯವಾದ ಕೆಲವು ಕಂಬಳಿಗಳಿಗೆ 200ರಿಂದ 300 ರೂಪಾಯಿ ಬೆಲೆಯಿತ್ತೆಂದು ಹೇಳುತ್ತದೆ. ಬೇಟೆಗೆ ಹೋಗುತ್ತಿದ್ದುದು ಖಂಡಿತವಾಗಿಯೂ ಆ ನವುರಿನ ಕಂಬಳಿಯಲ್ಲ, ಒರಟು ನೂಲಿನ, ಬಡವನಿಗೂ ಎಟುಕುವ ಕಂಬಳಿ. ಆದರೆ ಅವೆರಡೂ ಒಂದೇ ಕೈಗಳ ಕಸುಬಿನಿಂದ ಬಂದವು ಎಂಬುದನ್ನು ಮರೆಯಬಾರದು.

ಮೈಗೆ ಕಂಬಳಿ ಇದ್ದಂತೆ ಕಾಲಿಗೆ ಒದಗುವಂಥದ್ದು ಸುಲಭವಾಗಿ ಸಿಗಲಿಲ್ಲ. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಗಳಲ್ಲಿ ಬಿಲ್ಲು ಹಿಡಿದ ಬೇಟೆಗಾರ್ತಿಯೊಬ್ಬಳಿದ್ದಾಳೆ; ಅವಳ ಒಂದು ಪಕ್ಕದಲ್ಲಿ ಬಿದಿರ ಅಡ್ಡೆಯ ಎರಡು ತುದಿಗಳಿಗೆ ಜಿಂಕೆಯನ್ನೂ ಕೊಕ್ಕರೆಯನ್ನೂ ಕಟ್ಟಿ ಹೊತ್ತ ಸಣ್ಣ ಆಕೃತಿ, ಇನ್ನೊಂದು ಪಕ್ಕದಲ್ಲಿ ಕಾಲಿಗೆ ನೆಟ್ಟ ಮುಳ್ಳನ್ನು ಸೂಜಿಯಿಂದ ತೆಗೆಸಿಕೊಳ್ಳುತ್ತಿರುವ ಇನ್ನೊಂದು ಆಕೃತಿ ಇವೆ. ಬೇಟೆಯ ವೈಭವವನ್ನು ಕೆತ್ತುವಾಗಲೂ ಶಿಲ್ಪಿ ಮುಳ್ಳನ್ನು ಮರೆಯಲಿಲ್ಲವೆಂಬುದು ಅವನು ಕಾಡನ್ನು ಬಲ್ಲವನೆಂಬುದಕ್ಕೆ ಸಾಕ್ಷಿ. ಹರಿಹರ ಕವಿ ರಗಳೆಯಲ್ಲಿ ಹಾಡಿದ ಬೇಡರ ಕಣ್ಣಪ್ಪನ ಕಥೆಯಲ್ಲಿಯೂ ಕಾಲಿನ ಕೆರಕ್ಕೆ ಸ್ಥಾನವಿದೆ: ಕೈಗಳೆರಡೂ ಬಿಲ್ಲು ಮತ್ತು ಮಾಂಸ ಹಿಡಿದು ತುಂಬಿರುವುದರಿಂದ ಅವನು ಬಾಯಲ್ಲಿ ನೀರು ತಂದು ಲಿಂಗಕ್ಕೆ ಎರೆಯುತ್ತಾನೆ, ತನ್ನ ಎರಡನೆಯ ಕಣ್ಣನ್ನು ಕೀಳುವ ಮುನ್ನ ಗುರುತಿಗಾಗಿ ಕೆರ ಮೆಟ್ಟಿದ ಕಾಲನ್ನೇ ಲಿಂಗದ ಕಣ್ಣಿನ ಮೇಲೆ ಇಡುತ್ತಾನೆಂದು ಜನಪ್ರಿಯ ಕಥನವಿದೆ. ದೇವರ ಮುಂದೆಯೂ ಕಳಚದಷ್ಟು ಕೆರ ಬೇಟೆಗಾರನ ಮೈಗೆ ಸೇರಿಹೋಗಿತ್ತು. ಬಯಲುಸೀಮೆಯ ಎತ್ತು, ಎಮ್ಮೆಗಳ ದಪ್ಪ ತೊಗಲಿನ ಎಕ್ಕಡ ಮುಳ್ಳನ್ನು ತಡೆಯುತ್ತಿತ್ತು, ಆದರೆ ಒದ್ದೆ ಬಂಡೆಯ ಮೇಲೆ ಜಾರುತ್ತಿತ್ತು, ಒಣ ತರಗೆಲೆಯ ಮೇಲೆ ಸದ್ದು ಮಾಡುತ್ತಿತ್ತು. ಆದ್ದರಿಂದಲೇ ಬಹುಪಾಲು ಮಲೆಯವರು ಬರಿಗಾಲಿನಲ್ಲಿಯೇ ನಡೆದರು. ಬರಿಗಾಲಿಗೆ ಮಳೆಗಾಲದಲ್ಲಿ ಇಂಬಳಗಳು, ಅಂದರೆ ನೆಲದ ಜಿಗಣೆಗಳು, ಬೇಸಗೆಯಲ್ಲಿ ಉಣುಗುಗಳು ಹತ್ತುತ್ತಿದ್ದವು. ಇಂಬಳಕ್ಕೆ ಸುಣ್ಣ ಮತ್ತು ಹೊಗೆಸೊಪ್ಪು ಸೊಂಟದ ಚೀಲದಲ್ಲಿರುತ್ತಿದ್ದವು. ಉಣುಗಿನ ಕಡಿತದಿಂದ ಹರಡುವ ಮಂಗನ ಕಾಯಿಲೆ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಪತ್ತೆಯಾದ ನಂತರ ಮೈ ಮುಚ್ಚುವ ಉಡುಗೆ ಪ್ರಾಣರಕ್ಷಣೆಯ ವಿಷಯವೇ ಆಯಿತು.

ಹೊಸಬನಿಗೆ ಮೊದಲ ಬೇಟೆಯಲ್ಲಿ ಕೋವಿ ಸಿಗುತ್ತಿರಲಿಲ್ಲ. ಸೋವಿನ ಬೇಟೆಯಲ್ಲಿ ಕೂಗುತ್ತ, ಪೊದೆ ಬಡಿಯುತ್ತ, ನಾಯಿಗಳೊಡನೆ ಪ್ರಾಣಿಯನ್ನು ಎಬ್ಬಿಸಿ ಓಡಿಸುವವರದು ಒಂದು ಗುಂಪು, ಅದು ಹಾಯುವ ಕಂಡಿಗಳಲ್ಲಿ ಕೋವಿ ಹಿಡಿದು ಕಾಯುವ ಅನುಭವಿಗಳದು ಇನ್ನೊಂದು. ಹೊಸಬ ಸೇರುತ್ತಿದ್ದುದು ಮೊದಲ ಗುಂಪಿಗೆ. ಮೊಣಕಾಲಿನವರೆಗೆ ಬಿಗಿಯಾಗಿ ಕೂರುವ ಚಣ್ಣ, ನಡುವಿಗೆ ಸುತ್ತಿದ ದಟ್ಟಿ, ತಲೆಗೆ ರುಮಾಲು, ಹೆಗಲಿಗೆ ಕಂಬಳಿ, ಸೊಂಟಕ್ಕೆ ಕತ್ತಿ, ಕೈಯಲ್ಲೊಂದು ದೊಣ್ಣೆ ಅವನ ಸಾಮಗ್ರಿ. ಬುತ್ತಿಗೆ ಕಟಕು ರೊಟ್ಟಿ ಅಥವಾ ಹುರಿಹಿಟ್ಟು, ನೀರಿಗೆ ಒಣಗಿಸಿದ ಸೋರೆ ಬುರುಡೆ, ಬೆಂಕಿಗೆ ಚಕಮಕಿ ಕಲ್ಲು ಮತ್ತು ಅರಳೆ ಇದ್ದರೆ ಎರಡು ದಿನ ಕಾಡಿನಲ್ಲಿ ಕಳೆಯಬಹುದಿತ್ತು. ಹಿರಿಯನ ಕೈಯ ಕೇಪಿನ ಕೋವಿಗೆ ಬೇಕಾದವು ಹೆಚ್ಚು: ಮದ್ದು ತುಂಬಿದ ಕೊಂಬು, ಚರೆ ಮತ್ತು ಗುಂಡುಗಳ ಚೀಲ, ಕೇಪುಗಳ ಡಬ್ಬಿ, ಮದ್ದಿನ ಮೇಲೆ ತುರುಕುವ ತೆಂಗಿನ ಕತ್ತ, ಅದನ್ನು ಒತ್ತಿ ಕೂರಿಸುವ ಗಜ. ಒಂದು ಈಡು ಹೊಡೆದ ಮೇಲೆ ಇವೆಲ್ಲವನ್ನೂ ಕ್ರಮವಾಗಿ ಬಳಸಿ ಮತ್ತೆ ತುಂಬುವಷ್ಟರಲ್ಲಿ ಕಡವೆ ಕಣಿವೆಯನ್ನೇ ದಾಟಿರುತ್ತಿತ್ತು. ನಾಯಿಯಂತೂ ಸಲಕರಣೆಗಿಂತ ಮೇಲಿನ ಸಂಗಾತಿ. ಹತ್ತನೆಯ ಶತಮಾನದ ಆತಕೂರು ಶಾಸನ ಕಾಳಿ ಎಂಬ ಬೇಟೆನಾಯಿ ದೊಡ್ಡ ಹಂದಿಯೊಡನೆ ಹೋರಾಡಿ ಜೊತೆಯಲ್ಲೇ ಸತ್ತುದನ್ನು ನೆನೆದು ಕಲ್ಲು ನಿಲ್ಲಿಸಿದ ಕಥೆ ಹೇಳುತ್ತದೆ.

ಆಯುಧವು ಬೇಡರಿಗೆ ಬದುಕಿನ ಸಾಧನ ಮಾತ್ರವಾಗಿರದೆ ಮಾನವೂ ಆಗಿತ್ತು. ಹದಡಿಯಿಂದ ದೂರವಲ್ಲದ ಮಾಯಕೊಂಡದಲ್ಲಿ 1748ರ ಯುದ್ಧದಲ್ಲಿ ಮಡಿದ ಚಿತ್ರದುರ್ಗದ ಮದಕರಿನಾಯಕನ ಪಡೆಯ ಬಲ ಬೇಡರದೇ. 1857ರಲ್ಲಿ ಬ್ರಿಟಿಷ್ ಸರಕಾರ ಆಯುಧಗಳನ್ನು ಒಪ್ಪಿಸಬೇಕೆಂಬ ಕಾಯಿದೆ ತಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಅದನ್ನು ಧಿಕ್ಕರಿಸಿ ಕಾದಾಡಿ ಪ್ರಾಣ ತೆತ್ತರು. ಇದಕ್ಕೆ ವ್ಯತಿರಿಕ್ತವಾಗಿ ಕೊಡಗಿನಲ್ಲಿ 1861ರಲ್ಲಿ ಕೊಡವರಿಗೆ ಆಯುಧ ಕಾಯಿದೆಯಿಂದ ವಿನಾಯಿತಿ ದೊರೆಯಿತು. ಕಪ್ಪು ನಿಲುವಂಗಿಯಾದ ಕುಪ್ಯ, ನಡುವಿನ ಚೇಲೆ, ಪೀಚೆಕತ್ತಿ, ಬೆನ್ನ ಹಿಂದಿನ ತೋಡಂಗದಲ್ಲಿ ಸಿಕ್ಕಿಸುವ ಒಡಿಕತ್ತಿಗಳ ಸಮೇತ ಅಲ್ಲಿಯ ಬೇಟೆಯ ಉಡುಗೆ ಕೈಲ್‌ಪೊಳ್ದ್ ಹಬ್ಬದ ಆಯುಧಪೂಜೆಯೊಡನೆ ಉಳಿದುಬಂದುದಕ್ಕೆ ಈ ವಿನಾಯಿತಿಯೂ ಒಂದು ಕಾರಣ. ಬಯಲಿನ ಬೇಡನಿಗೆ ಆ ಅನುಕೂಲ ಇರಲಿಲ್ಲ, ಅವನ ಬೇಟೆಯುಡುಗೆಗೆ ವಿಧಿವತ್ತಾದ ಹೆಸರೂ ಉಳಿಯಲಿಲ್ಲ.

ಹರಿಹರದ ಬಳಿ 1865ರವರೆಗೂ ದೇಶೀ ಪಲ್ಟನ್ನಿನ ದಂಡು ಬೀಡುಬಿಟ್ಟಿತ್ತು. 1868ರಲ್ಲಿ ತುಂಗಭದ್ರೆಗೆ ಸೇತುವೆಯಾಯಿತು, 1880ರ ದಶಕದ ಕೊನೆಗೆ ರೈಲು ಬಂದಿತು. ಈ ದಂಡು, ದಾರಿಗಳೊಡನೆ ಬಂದ ಬಿಳಿಯರ ಬೇಟೆ ಬೇರೆಯದೇ ಉಡುಗೆಯನ್ನು ತಂದಿತ್ತು: ಬೆಂಡಿನ ಟೋಪಿ, ಕಾಲಿಗೆ ಸುತ್ತುವ ಪಟ್ಟಿ, ಮಣ್ಣಿನ ಬಣ್ಣದ ಖಾಕಿ. ಖಾಕಿಯನ್ನು 1840ರ ದಶಕದಲ್ಲಿ ವಾಯವ್ಯ ಗಡಿಯ ಸೈನ್ಯ ಬಳಸಿತ್ತಾದರೂ, ಗಟ್ಟಿಯಾಗಿ ನಿಲ್ಲುವ ಖಾಕಿ ಬಣ್ಣವನ್ನು 1850ರ ದಶಕದ ಆರಂಭದಲ್ಲಿ ಕಂಡುಹಿಡಿದ ಶ್ರೇಯಸ್ಸು ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯ ಜಾನ್ ಹಾಲರ್‌ಗೆ ಸಲ್ಲುತ್ತದೆಂದು ಪ್ರತೀತಿ. ಮೃದುವಾದ, ಹೆಜ್ಜೆಯ ಸದ್ದಡಗಿಸುವ ಕಡವೆ ತೊಗಲಿನ ಬೂಟು ಅವರಿಗೆ ಬಲು ಮೆಚ್ಚಿನದಾಗಿತ್ತು. ಇಪ್ಪತ್ತನೆಯ ಶತಮಾನದಲ್ಲಿ ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಬೆಳೆದು ಊರು ಬಟ್ಟೆಯ ಊರೆಂದು ಹೆಸರಾದಾಗ ಚಣ್ಣದ ಜಾಗಕ್ಕೆ ಚಡ್ಡಿ, ದಟ್ಟಿಯ ಜಾಗಕ್ಕೆ ಬೆಲ್ಟು ಬಂದವು. ಕಂಬಳಿಯನ್ನು ಮಾತ್ರ ಗಿರಣಿಯ ಬಟ್ಟೆಗೆ ಕದಲಿಸಲಾಗಲಿಲ್ಲ. ಬೇಟೆಯ ಕಾಲ ಅಷ್ಟರಲ್ಲಿಯೇ ಮುಗಿಯುತ್ತ ಬಂದಿತ್ತು: 1901ರ ಮೈಸೂರು ಕಾನೂನು ಬೇಟೆಗೆ ಕಟ್ಟುಪಾಡು ವಿಧಿಸಿತು, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಕಡವೆ ಬೇಟೆ ಅಪರಾಧವಾಯಿತು. ಅಳಿವಿನಂಚಿಗೆ ಬಂದಿದ್ದ ಕಾಡುಪ್ರಾಣಿಗಳಿಗೆ ಈ ನಿಷೇಧ ಅತ್ಯಗತ್ಯವಾಗಿತ್ತು.

ಬೇಟೆ ನಿಂತರೂ ಬೇಟೆಗಾರನ ವೇಷ ತುಂಗಭದ್ರೆಯ ದಂಡೆಯಲ್ಲಿ ಪೂರ್ತಿಯಾಗಿ ಉಳಿದಿದೆ. ನದಿಯ ಕೆಳಹರಿವಿನ ಮೈಲಾರ ಮತ್ತು ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡಗಳಲ್ಲಿ ನೆಲೆಸಿದ ಮೈಲಾರಲಿಂಗನ ಭಕ್ತರಾದ ಗೊರವರು ಕಪ್ಪು ಕಂಬಳಿಯ ನಿಲುವಂಗಿ ತೊಟ್ಟು, ಕರಡಿ ಕೂದಲಿನ ಟೋಪಿ ಧರಿಸಿ, ಡಮರು ನುಡಿಸುತ್ತ, ಭಂಡಾರದ, ಅಂದರೆ ಅರಿಶಿನ ಪುಡಿಯ, ಚೀಲ ಕಟ್ಟಿಕೊಂಡು ಬರುತ್ತಾರೆ. ದೋಣಿ ಸೇವೆಯಲ್ಲಿ ದೇವರ ನಾಯಿಗಳಾಗಿ ಬೊಗಳುತ್ತ ಹಾಲು ಬಾಳೆಹಣ್ಣುಗಳನ್ನು ಬಾಯಿಂದಲೇ ಉಣ್ಣುತ್ತಾರೆ. ಕಾರಣಿಕದ ದಿನ, ಅಂದರೆ ವರ್ಷದ ಭವಿಷ್ಯವನ್ನು ನುಡಿಯುವ ದಿನ, ಗೊರವಯ್ಯ ಎತ್ತರದ ಬಿಲ್ಲನ್ನೇರಿ ನುಡಿಯುತ್ತಾನೆ. ಬಿಲ್ಲು, ನಾಯಿ, ತೊಗಲು, ಕಂಬಳಿ, ಮಲೆಗೆ ಹೊರಟವನ ನಾಲ್ಕು ಮುಖ್ಯ ಸಲಕರಣೆಗಳೂ ಇಲ್ಲಿ ಒಟ್ಟಿಗಿವೆ. ಈ ಆಚರಣೆಯನ್ನು ಅಧ್ಯಯನ ಮಾಡುವವರು ಪುರಾಣದಲ್ಲಿ ಮೈಲಾರಲಿಂಗ ಕೊಂದ ಮಣಿ–ಮಲ್ಲಾಸುರರ ಕಡೆಗೆ ನೋಡುವಷ್ಟೇ ಗಮನದಿಂದ ನಿಲುವಂಗಿಯ ನೇಯ್ಗೆಯ ಕಡೆಗೂ ನೋಡಬೇಕಾಗಿದೆ. ಕರಡಿ ತೊಗಲನ್ನು ಹೊಸದಾಗಿ ಪಡೆಯಲು ಕಾನೂನು ಬಿಡುವುದಿಲ್ಲ, ಬಿಲ್ಲಿಗೆ ಬಾಣದ ಕೆಲಸವಿಲ್ಲ. ಮಗ್ಗದಿಂದ ಇಂದಿಗೂ ಹೊಸದಾಗಿ ಇಳಿಯುವುದು ಕಂಬಳಿಯೊಂದೇ. ಅದಕ್ಕೆ ಬೇಕಾದ ಕರಿಯುಣ್ಣೆಯ ಕುರಿಯನ್ನು ಬಿಟ್ಟು ಮಾಂಸಕ್ಕೆ ಹೆಚ್ಚು ಬೆಲೆ ತರುವ, ಉಣ್ಣೆಯಿಲ್ಲದ ತಳಿಗಳನ್ನು ಸಾಕುವವರು ಬಯಲಿನಲ್ಲಿ ಈಗ ಹೆಚ್ಚುತ್ತಿದ್ದು, ಹುಣಸೆ ಬೀಜದ ಸರಿಯನ್ನು ಹದವರಿತು ಬಳಿಯಬಲ್ಲ ಕೈಗಳು ವಯಸ್ಸಾದವರವೇ ಆಗಿವೆ.