ಪ್ಲೇಟಿನ ಮೂಲಪಾಠ: ಬೆಳಗಾವಿ ಸೀಮೆಯ ಗಾಯನಮುದ್ರಿಕೆಗಳೂ ಅವುಗಳ ಪುನರ್ಮುದ್ರಣವೂ

ಗ್ರಾಮಾಫೋನು ಪ್ಲೇಟಿನಲ್ಲಿ ಒಮ್ಮೆ ಮುದ್ರಿತವಾದ ಗಾಯನವು ಮೊದಲು ಎಲ್.ಪಿ.ಯಾಗಿಯೂ ಅನಂತರ ಕ್ಯಾಸೆಟ್ಟಾಗಿಯೂ ಆಮೇಲೆ ಸಿ.ಡಿ.ಯಾಗಿಯೂ ಮರಳಿ ಮರಳಿ ಮಾರುಕಟ್ಟೆಗೆ ಬಂದಾಗ, ಆಯಾ ಕಾಲದ ಶ್ರೋತೃವಿನ ಕಿವಿಗೆ ಹಿತವಾಗುವಂತೆ ಅದಕ್ಕೆ ಒಂದಲ್ಲ ಒಂದು ಸಂಸ್ಕಾರ ನಡೆದೇ ಇರುತ್ತದೆ. ಆ ಸಂಸ್ಕಾರದಿಂದ ಮೂಲದ ನಾದವು ಬೆಳಗಿತೋ ಮಸುಕಾಯಿತೋ ಎಂಬ ವಿಚಾರವು ಪಾಶ್ಚಾತ್ಯ ದೇಶಗಳ ರಾಕ್ ಸಂಗೀತದ ರಸಿಕರಲ್ಲಿ ಬಹುಕಾಲದಿಂದ ತೀವ್ರ ಚರ್ಚೆಗೆ ಒಳಗಾಗಿದೆ. ನಮ್ಮಲ್ಲಾದರೋ ಹಿಂದೂಸ್ತಾನಿ ಗಾಯನದ ಇತಿಹಾಸವನ್ನು ಬರೆಯುವವರು ಬಹುಮಟ್ಟಿಗೆ ಪುನರ್ಮುದ್ರಿಕೆಯನ್ನೇ ಮೂಲವೆಂದು ನಂಬಿ, ಅದರಿಂದಲೇ ಗಾಯಕರ ಶ್ರುತಿ, ಕಂಠಗುಣ, ಲಯಗಳ ವಿಷಯದಲ್ಲಿ ನಿರ್ಣಯಗಳನ್ನು ಕೊಡುತ್ತ ಬಂದಿರುವುದರಿಂದ, ಇದು ನಮಗೆ ರುಚಿಯ ಪ್ರಶ್ನೆಗಿಂತ ಹೆಚ್ಚಾಗಿ ಪ್ರಮಾಣದ ಪ್ರಶ್ನೆಯಾಗಿದೆ.

ಮಿರಜದಿಂದ ಹೊರಟು ಸುಳೇಭಾವಿ, ಬೆಳಗಾವಿ, ಖಾನಾಪುರಗಳನ್ನು ಹಾಯ್ದು ಲೋಂಡೆಯಲ್ಲಿ ಧಾರವಾಡ-ಹುಬ್ಬಳ್ಳಿಗಳ ಕಡೆಗೆ ತಿರುಗುವ ರೈಲುಹಾದಿಯನ್ನು ನಕ್ಷೆಯಲ್ಲಿ ಬೆರಳಿಟ್ಟು ನೋಡಿದರೆ, ಕಳೆದ ಶತಮಾನದ ಹಿಂದೂಸ್ತಾನಿ ಗಾಯನದ ಚರಿತ್ರೆಯ ಅರ್ಧಭಾಗವೇ ಆ ಕಂಬಿಗಳ ಇಕ್ಕೆಲದಲ್ಲಿ ಹರಡಿಕೊಂಡಂತೆ ತೋರುವುದು. ಒಂದು ತುದಿಯ ಮಿರಜದಲ್ಲಿ ಅಬ್ದುಲ್ ಕರೀಮ್ ಖಾನರು ನೆಲೆಸಿದ್ದರು; ಮತ್ತೊಂದು ಕಡೆ ಕುಂದಗೋಳದಲ್ಲಿ ಅವರ ಶಿಷ್ಯರಾದ ಸವಾಯಿ ಗಂಧರ್ವರು, ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹಾನಗಲ್ಲರು, ಧಾರವಾಡದಲ್ಲಿ ಮಲ್ಲಿಕಾರ್ಜುನ ಮನಸೂರರು. ನಡುವಿನ ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಜನಿಸಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠರೇ ಮುಂದೆ ಕುಮಾರ ಗಂಧರ್ವರೆಂದು ದೇಶವಿಖ್ಯಾತರಾದರು. ವಿದ್ಯುತ್ತು ಇನ್ನೂ ಕಾಣದಿದ್ದ ಊರುಗಳಲ್ಲಿ ಚಾವಿ ತಿರುಗಿಸಿ ನಡೆಸುವ ಗ್ರಾಮಾಫೋನು ಪೆಟ್ಟಿಗೆಯೇ ದೊಡ್ಡ ದೊಡ್ಡ ಗವಾಯಿಗಳ ದನಿಯನ್ನು ಜನರಿಗೆ ಮುಟ್ಟಿಸುತ್ತಿತ್ತು.

ಕುಮಾರ ಗಂಧರ್ವರ ಬಾಲ್ಯವು ಈ ಲೇಖನದ ವಿಷಯಕ್ಕೆ ನೇರವಾಗಿ ಸಂಬಂಧಿಸಿದುದು. ಬಿ. ಆರ್. ದೇವಧರರ ಬಳಿ ಮುಂಬಯಿಯಲ್ಲಿ ಕ್ರಮವಾದ ಶಿಕ್ಷಣಕ್ಕೆ ಸೇರುವ ಮುನ್ನವೇ ಆ ಬಾಲಕನು ಅಬ್ದುಲ್ ಕರೀಮ್ ಖಾನ್, ಸವಾಯಿ ಗಂಧರ್ವ ಮೊದಲಾದ ಮಹಾಗಾಯಕರ ಪ್ಲೇಟುಗಳನ್ನು ಕೇಳಿ, ಆಲಾಪ, ತಾನ, ಮುರಕಿಗಳೊಡನೆ ಇಡಿಯ ಹಾಡನ್ನು ಯಥಾವತ್ತಾಗಿ ಹಾಡಿ ತೋರಿಸುತ್ತಿದ್ದನೆಂಬುದು ಸರ್ವವಿದಿತ. ಅವನಿಗೆ ದೊರೆತ ಮೊದಲ ಗುರು ಅರಗಿನ ಪ್ಲೇಟು. ಅದು ಮೂರು ಮೂರೂವರೆ ನಿಮಿಷಗಳೊಳಗೆ ರಾಗವೊಂದನ್ನು ಅಡಕಗೊಳಿಸಿ ಹೇಳುವ, ತನ್ನದೇ ಆದ ಶ್ರುತಿಯಲ್ಲಿ ತಿರುಗುವ, ಪ್ರತಿ ಸುತ್ತಿಗೂ ಸರಸರವೆಂದು ಸದ್ದುಮಾಡುವ ಗುರು. ದೀರ್ಘವಿಸ್ತಾರವನ್ನು ಒಲ್ಲದೆ ಸ್ವಲ್ಪದರಲ್ಲಿ ರಾಗದ ಮುಖವನ್ನು ಮಿಂಚಿನಂತೆ ತೋರಿಸುವ ಕುಮಾರರ ಪ್ರೌಢ ಶೈಲಿಗೆ ಆ ಬಾಲ್ಯದ ಶಿಕ್ಷಣವೂ ಒಂದು ಕಾರಣವಾಗಿದ್ದಿರಬಹುದೆಂದು ನನಗನ್ನಿಸುತ್ತದೆ. ಇದನ್ನು ಒಪ್ಪಲಿ ಬಿಡಲಿ, ಆ ಬಾಲಕನು ಕೇಳಿದ ನಾದ ಯಾವುದೆಂಬುದನ್ನು ತಿಳಿಯಬೇಕಾದರೆ ಪ್ಲೇಟಿಗೇ ಮರಳಬೇಕು, ಇಂದಿನ ಸಿ.ಡಿ.ಯಿಂದ ಅದು ತಿಳಿಯದು.

ಮೂಲವೆಂದು ನಾವು ಕರೆಯುವ ವಸ್ತುವಾದರೂ ಹೇಗೆ ಹುಟ್ಟಿತೆಂಬುದನ್ನು ನೋಡೋಣ. 1902ರಲ್ಲಿ ಮುದ್ರಣಕಾರ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗಾಯಕಿ ಗೌಹರ್ ಜಾನಳ ದನಿಯನ್ನು ಮುದ್ರಿಸಿದ ಕಾಲದಲ್ಲಿ ಮೈಕು ಇರಲಿಲ್ಲ. ಗಾಯಕನು ಕಹಳೆಯೊಂದರ ಬಾಯಿಗೆ ಮುಖವಿಟ್ಟು ಹಾಡಬೇಕಾಗಿತ್ತು, ಆ ಗಾಳಿಯ ಕಂಪನವೇ ಸೂಜಿಯನ್ನು ಅಲುಗಿಸಿ ಮೇಣದ ಮೇಲೆ ಗೆರೆ ಕೊರೆಯುತ್ತಿತ್ತು. ಸೆಕೆಂಡಿಗೆ ಸುಮಾರು 200ರಿಂದ 2,500 ಕಂಪನಗಳ ವ್ಯಾಪ್ತಿಯಾಚೆಗಿನ ನಾದವು ಆ ಯಂತ್ರಕ್ಕೆ ಹಿಡಿಯುತ್ತಿದ್ದುದು ಅತ್ಯಲ್ಪ. 1925ರಲ್ಲಿ ಮೈಕಿನ ಮೂಲಕ ವಿದ್ಯುನ್ಮುದ್ರಣ ಪ್ರಾರಂಭವಾಗಿ, ಕೆಲವೇ ವರ್ಷಗಳಲ್ಲಿ ಭಾರತಕ್ಕೂ ಬಂದಮೇಲೆ ಆ ವ್ಯಾಪ್ತಿ ಸುಮಾರು 100ರಿಂದ 5,000ದವರೆಗೆ ವಿಸ್ತಾರಗೊಂಡಿತು. ಅಬ್ದುಲ್ ಕರೀಮ್ ಖಾನರ ದನಿ ಎರಡು ವಿಧಾನಗಳಲ್ಲಿಯೂ ದೊರೆಯುವುದು ನಮ್ಮ ಭಾಗ್ಯ: 1904-05ರ ಪ್ಲೇಟುಗಳು ಕಹಳೆಯವು, 1937ರಲ್ಲಿ ಅವರು ತೀರಿಕೊಳ್ಳುವುದಕ್ಕೆ ಕೆಲವೇ ವರ್ಷ ಮೊದಲು ಓಡಿಯನ್ ಕಂಪನಿಗಾಗಿ ಹಾಡಿದವು ಮೈಕಿನವು. ಮೊದಲಿನವುಗಳಲ್ಲಿ ತಂಬೂರಿಯು ಇದ್ದೂ ಇಲ್ಲದಂತೆ. ಎರಡನೆಯವುಗಳಲ್ಲಿ ಖಾನರು ಷಡ್ಜದ ಮೇಲೆ ನಿಂತೊಡನೆ ಅವರ ದನಿ ಎಲ್ಲಿ ಮುಗಿದು ತಂಬೂರಿಯ ಝೇಂಕಾರ ಎಲ್ಲಿ ಮೊದಲಾಯಿತೆಂಬುದು ಗೊತ್ತಾಗದಷ್ಟು ಐಕ್ಯ.

ಪುನರ್ಮುದ್ರಣದಲ್ಲಿ ಸಂಭವಿಸುವ ದೋಷಗಳಲ್ಲಿ ಅತ್ಯಂತ ಗುರುತರವಾದುದು ವೇಗದ್ದು. ನಿಮಿಷಕ್ಕೆ 78 ಸುತ್ತು ಎಂಬ ಸಂಖ್ಯೆ ಈಗ ಆ ಪ್ಲೇಟುಗಳ ಹೆಸರೇ ಆಗಿಬಿಟ್ಟಿದ್ದರೂ, ಆದಿಯಲ್ಲಿ ಅದು ಯಾರನ್ನೂ ಕಟ್ಟಿಹಾಕಿದ ನಿಯಮವಾಗಿರಲಿಲ್ಲ. ಎಪ್ಪತ್ತರ ಆಸುಪಾಸಿನಿಂದ ಎಂಬತ್ತರವರೆಗೆ ಬೇರೆ ಬೇರೆ ವೇಗಗಳಲ್ಲಿ ಮುದ್ರಣ ನಡೆದುದುಂಟು. 77ರಲ್ಲಿ ಕೊರೆದ ಪ್ಲೇಟನ್ನು 78ರಲ್ಲಿ ತಿರುಗಿಸಿದರೆ ಶ್ರುತಿಯು ಎಷ್ಟು ಏರುವುದೆಂದು ಲೆಕ್ಕ ಹಾಕಿದರೆ, ಅರ್ಧಸ್ವರವೊಂದನ್ನು ನೂರು ಪಾಲು ಮಾಡಿದಾಗ ಸುಮಾರು 22 ಪಾಲು ಬರುತ್ತದೆ. ಇದು ನಮ್ಮ ಶಾಸ್ತ್ರಕಾರರು ಚರ್ಚಿಸುವ ಪ್ರಮಾಣಶ್ರುತಿಯ ಅಂತರಕ್ಕೆ ಹೆಚ್ಚುಕಡಿಮೆ ಸಮವಾದುದು. 75ರದನ್ನು 78ಕ್ಕೆ ತಿರುಗಿಸಿದರೆ ಅರ್ಧಸ್ವರದ ಮೂರನೆಯ ಎರಡು ಭಾಗದಷ್ಟು ಏರಿಕೆ. ಸ್ವರಸ್ವರಗಳ ನಡುವಣ ಅಂತರ ಇದರಿಂದ ಕೆಡುವುದಿಲ್ಲವೆಂಬುದು ಸರಿಯೇ. ಗಾಯಕರ ಗಾಂಧಾರವು ಷಡ್ಜಕ್ಕೆ ಎಷ್ಟು ದೂರವಿತ್ತೋ ಅಷ್ಟೇ ದೂರದಲ್ಲಿ ಉಳಿಯುವುದು. ಆದರೆ ಷಡ್ಜವೇ ಮೇಲೇರುವುದು, ಲಯ ಚುರುಕಾಗುವುದು, ಗಮಕದ ಆಂದೋಲನ ಬಿರುಸಾಗುವುದು. ಎಲ್ಲಕ್ಕಿಂತ ಮಿಗಿಲಾಗಿ ಕಂಠದ ಗಾತ್ರವೇ ಬದಲಾಗಿ, ಪುರುಷನ ದನಿ ಎಳೆಯದಾಗಿಯೂ ಬಾಲಕನ ದನಿ ಇನ್ನೂ ಎಳೆಯದಾಗಿಯೂ ಕೇಳಿಸುವುದು.

ಈ ಕಾರಣದಿಂದಲೇ ಕುಮಾರರು ಬಾಲಕರಾಗಿದ್ದಾಗ ಹಾಡಿದ ಮುದ್ರಿಕೆಗಳ ವಿಷಯದಲ್ಲಿ ಮೂಲದ ವೇಗವನ್ನು ನಿಶ್ಚಯಿಸದೆ ಯಾವ ಮಾತನ್ನೂ ಆಡಬಾರದು. ಗಂಗೂಬಾಯಿ ಹಾನಗಲ್ಲರ ವಿಷಯದಲ್ಲಿ ಈ ಎಚ್ಚರಿಕೆ ಇನ್ನೂ ಅಗತ್ಯ. 1930ರ ದಶಕದಲ್ಲಿ ಎಚ್.ಎಂ.ವಿ.ಗಾಗಿ 'ಗಾಂಧಾರಿ' ಎಂಬ ಹೆಸರಿನಿಂದ ಹಾಡಿದ ಅವರ ತೆಳುವಾದ, ಏರುಶ್ರುತಿಯ ಕಂಠವು ಗಂಟಲಿನ ಶಸ್ತ್ರಚಿಕಿತ್ಸೆಯಾದಮೇಲೆ ಇಳಿದು, ಆ ಗಂಭೀರವಾದ ಘನನಾದವಾಗಿ ಪರಿಣಮಿಸಿತೆಂಬುದು ಪ್ರಸಿದ್ಧ. ಆ ಪರಿವರ್ತನೆಗೆ ಉಳಿದಿರುವ ಮುಖ್ಯ ಸಾಕ್ಷ್ಯವೇ ಹಳೆಯ ಪ್ಲೇಟುಗಳಾಗಿರುವಾಗ, ಪುನರ್ಮುದ್ರಕನು ಎರಡು ಸುತ್ತು ಹೆಚ್ಚು ಓಡಿಸಿದರೆ ಇತಿಹಾಸವೇ ಅಷ್ಟು ಸರಿದಂತಾಯಿತು. ವೇಗವನ್ನು ಕಂಡುಹಿಡಿಯುವ ಉಪಾಯವಿಲ್ಲದಿಲ್ಲ. ಪಕ್ಕವಾದ್ಯವಾದ ಹಾರ್ಮೋನಿಯಮ್ಮಿನ ಸ್ವರವು ಎರಡು ಮನೆಗಳ ನಡುವೆ ಬಿದ್ದರೆ ವೇಗ ತಪ್ಪಿರುವ ಸಂಭವವುಂಟು. ಆದರೆ ಆ ಕಾಲದ ಪೆಟ್ಟಿಗೆಗಳೆಲ್ಲ ಒಂದೇ ಶ್ರುತಿಗೆ ಕೂಡಿಸಿದವಲ್ಲವಾದ್ದರಿಂದ, ಒಂದೇ ದಿನ ಮುದ್ರಿತವಾದ ಹಲವು ಪ್ಲೇಟುಗಳನ್ನು ಒಟ್ಟಿಗೆ ಇಟ್ಟು ನೋಡಿದಲ್ಲದೆ ಈ ಸಾಕ್ಷ್ಯವು ಪೂರ್ಣವಾಗದು.

ಎರಡನೆಯ ದೋಷವು ಮುಳ್ಳಿನದು ಮತ್ತು ನಾದದ ಸಮೀಕರಣದ್ದು. 78ರ ಪ್ಲೇಟಿನ ಗೆರೆ ಅಗಲವಾದುದು. ಅದಕ್ಕೆ ಇಂಚಿನ ಸಾವಿರದ ಮೂರರಷ್ಟು ದಪ್ಪದ ತುದಿ ಬೇಕು, ಎಲ್.ಪಿ.ಗಾದರೆ ಒಂದು ಅಥವಾ ಅದಕ್ಕೂ ಕಡಿಮೆ ಸಾಕು. ಎಲ್.ಪಿ.ಯ ಮುಳ್ಳನ್ನೇ ಹಳೆಯ ಪ್ಲೇಟಿನ ಮೇಲಿಟ್ಟರೆ ಅದು ಗೆರೆಯ ತಳಕ್ಕಿಳಿದು, ನಾದವಿರುವ ಗೋಡೆಗಳನ್ನು ಬಿಟ್ಟು ತಳದ ಕಸವನ್ನೇ ಓದುತ್ತದೆ. ಇನ್ನು 1950ರ ದಶಕದಲ್ಲಿ ಎಲ್.ಪಿ.ಗಳಿಗಾಗಿ ನಿಶ್ಚಿತವಾದ ಸಮೀಕರಣವು, ಮುದ್ರಿಸುವಾಗ ಏರಿಸಿದ ಮೇಲುಗಡೆಯ ನಾದವನ್ನು ನುಡಿಸುವಾಗ ಹತ್ತು ಸಾವಿರ ಕಂಪನಗಳ ಬಳಿ ಸುಮಾರು 14 ಡೆಸಿಬೆಲ್‌ನಷ್ಟು ತಗ್ಗಿಸುವಂಥದು. ಹಳೆಯ ಪ್ಲೇಟುಗಳು ಬಹುಮಟ್ಟಿಗೆ ಆ ಏರಿಕೆಯಿಲ್ಲದೆಯೇ ಮುದ್ರಿತವಾದವು. ಎಲ್.ಪಿ.ಯ ರೀತಿಯಲ್ಲಿಯೇ ಅವುಗಳನ್ನು ನುಡಿಸಿದರೆ ಸರಸರ ಸದ್ದು ಕಡಮೆಯಾಗಿ, ಕೇಳುವವನಿಗೆ 'ಎಷ್ಟು ಶುದ್ಧವಾಯಿತು' ಎಂಬ ಭ್ರಾಂತಿಯುಂಟಾಗುವುದು. ಆದರೆ ಅದರೊಡನೆಯೇ ಸಕಾರ ಶಕಾರಗಳ ಮೊನೆ, ತಬಲದ ಚಾಟಿಯ ಗರಿ, ದನಿಯ ಅಂಚು ಎಲ್ಲವೂ ಮೊಂಡಾಗಿರುತ್ತವೆ. ಮೆತ್ತಗಾದುದೆಲ್ಲ ಶುದ್ಧವಲ್ಲ.

ಈಗ ಯಂತ್ರಗಣಕದ ಕಾಲದ ಸದ್ದಿಳಿಸುವಿಕೆಗೆ ಬರೋಣ. ಪ್ಲೇಟಿನ ಸದ್ದಿಗೆ ಅದರ ದ್ರವ್ಯವೇ ಕಾರಣ: ಅರಗಿನೊಡನೆ ಕಲ್ಲಿನ ಪುಡಿಯನ್ನು ಬೆರೆಸಿ ಒತ್ತುತ್ತಿದ್ದುದರಿಂದ, ಅದು ಉಕ್ಕಿನ ಮುಳ್ಳನ್ನು ಸವೆಸಿ ಗೆರೆಯ ಆಕಾರಕ್ಕೆ ತಂದುಕೊಳ್ಳುತ್ತಿತ್ತು, ಆದಕಾರಣವೇ ಒಂದೊಂದು ಮಗ್ಗುಲಿಗೂ ಹೊಸ ಮುಳ್ಳು ಹಾಕಬೇಕಾಗಿತ್ತು. ಇಂದಿನ ಶೋಧಕ ಯಂತ್ರವು ಸಂಗೀತವಿಲ್ಲದ ಜಾಗದಿಂದ ಸದ್ದಿನ ಮಾದರಿಯೊಂದನ್ನು ತೆಗೆದುಕೊಂಡು, ಆ ಮಾದರಿಗೆ ಹೋಲುವುದನ್ನೆಲ್ಲ ಇಡಿಯ ಮುದ್ರಿಕೆಯಿಂದ ಕಳೆಯುತ್ತದೆ. ಪಿಯಾನೋ ಸಂಗೀತಕ್ಕೆ ಇದು ಒಪ್ಪಬಹುದು. ಆದರೆ ನಮ್ಮ ಗಾಯನದಲ್ಲಿ ಸಂಗೀತವಿಲ್ಲದ ಜಾಗವೆಲ್ಲಿದೆ? ಗಾಯಕನು ಉಸಿರೆಳೆದುಕೊಳ್ಳುವಾಗಲೂ ತಂಬೂರಿಯು ಮಿಡಿಯುತ್ತಲೇ ಇರುತ್ತದೆ. ಮೇಲುಗಡೆಯ ಸೂಕ್ಷ್ಮಾಂಶಗಳಲ್ಲಿ ನಿರಂತರವಾಗಿ ಮಂದವಾಗಿ ಹರಡಿಕೊಳ್ಳುವ ಜವಾರಿಯ ಝೇಂಕಾರವನ್ನೂ ಅದೇ ಎತ್ತರದಲ್ಲಿ ನಿರಂತರವಾಗಿ ಮಂದವಾಗಿರುವ ಸರಸರ ಸದ್ದನ್ನೂ ಬೇರ್ಪಡಿಸುವ ವಿವೇಕ ಯಂತ್ರಕ್ಕೆ ಅಷ್ಟಾಗಿ ಇಲ್ಲ. ಮಿರಜದ ಕುಶಲಕರ್ಮಿಗಳು ತಂಬೂರಿಯ ಕುದುರೆಯ ಮೇಲ್ಮೈಯನ್ನು ಉಜ್ಜಿ ಉಜ್ಜಿ, ತಂತಿಯ ಕೆಳಗೆ ನೂಲಿನೆಳೆಯನ್ನು ಕೂದಲೆಳೆಯಷ್ಟು ಸರಿಸಿ ಸರಿಸಿ ಎಬ್ಬಿಸಿದ ಆ ಜೀವಸ್ವರವನ್ನು ಕಸವೆಂದು ಗುಡಿಸಿಹಾಕಿದ ಸಿ.ಡಿ.ಗಳನ್ನು ಕೇಳುವಾಗ ಮನಸ್ಸಿಗೆ ಆಗುವ ನೋವು ಸಾಮಾನ್ಯವಾದುದಲ್ಲ. ಗಾಯಕನು ಶೂನ್ಯದಲ್ಲಿ ನಿಂತು ಹಾಡಿದಂತೆ ಕೇಳಿಸುತ್ತದೆ.

ಕುಮಾರ ಗಂಧರ್ವರ ಪ್ರೌಢಕಾಲದ ಮುದ್ರಿಕೆಗಳಿಗೆ ಇದರಿಂದ ಇನ್ನೊಂದು ಬಗೆಯ ಹಾನಿ. ಕ್ಷಯರೋಗಪೀಡಿತರಾಗಿ 1948ರಲ್ಲಿ ದೇವಾಸಕ್ಕೆ ಹೋಗಿ, ವರ್ಷಗಟ್ಟಲೆ ಹಾಡದೆ ಇದ್ದು, ಮತ್ತೆ ಹಾಡಲಾರಂಭಿಸಿದಾಗ ಅವರ ಪದವಿನ್ಯಾಸವು ಚಿಕ್ಕ ಚಿಕ್ಕ ತುಣುಕುಗಳದಾಗಿ, ತುಣುಕು ತುಣುಕಿನ ನಡುವೆ ಉಸಿರಿನ ವಿರಾಮವುಳ್ಳದಾಗಿ ರೂಪುಗೊಂಡಿತು. ಆ ವಿರಾಮದಲ್ಲಿ ಉಸಿರು ಕೇಳಿಸುತ್ತದೆ, ಸ್ವರದ ಬಾಲ ಆರುತ್ತಿರುವುದು ಕೇಳಿಸುತ್ತದೆ, ಮುಂದಿನ ಸ್ವರಕ್ಕೆ ಗಂಟಲು ಅಣಿಯಾಗುವುದು ಕೇಳಿಸುತ್ತದೆ. ಮಂದಧ್ವನಿಯನ್ನು ಕತ್ತರಿಸಿ ಮೌನ ಮಾಡುವ ಉಪಕರಣವು ಅದನ್ನು ನುಂಗಿತೆಂದರೆ ಗಾಯನದ ಶಿಲ್ಪವೇ ಭಗ್ನವಾಗುವುದು.

ರಾಕ್ ಸಂಗೀತದವರ ದೂರು ಇದಕ್ಕಿಂತ ಭಿನ್ನವಾದ ಕಾರಣದಿಂದ ಹುಟ್ಟಿದ್ದು. ಅವರದು ಸದ್ದು ಕಳೆದ ದೂರಲ್ಲ, ಗಟ್ಟಿತನ ಹೆಚ್ಚಿಸಿದ ದೂರು. 1973ರ 'ರಾ ಪವರ್' ಎಂಬ ಮುದ್ರಿಕೆಯನ್ನು 1997ರಲ್ಲಿ ಅದರ ಗಾಯಕ ಇಗ್ಗಿ ಪಾಪ್ ತಾವೇ ಹೊಸದಾಗಿ ಹದಗೊಳಿಸಿದಾಗ ಅದು ಕಿವಿ ಗಡಚಿಕ್ಕುವಷ್ಟು ಗಟ್ಟಿಯಾಯಿತು. 2008ರಲ್ಲಿ ಮೆಟಾಲಿಕಾ ತಂಡದ 'ಡೆತ್ ಮ್ಯಾಗ್ನೆಟಿಕ್' ಬಂದಾಗ, ಮೂಲ ಸಿ.ಡಿ.ಗಿಂತ ಗಿಟಾರ್ ಆಟವೊಂದಕ್ಕಾಗಿ ಕೊಟ್ಟ ಆವೃತ್ತಿಯೇ ಹೆಚ್ಚು ಉಸಿರಾಡುತ್ತಿದೆಯೆಂದು ರಸಿಕರು ಆಕ್ಷೇಪಿಸಿದರು. ಮಂದವಾದುದನ್ನು ಎತ್ತಿ, ಎತ್ತರದ್ದನ್ನು ಅದುಮಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುವ ಈ ಪ್ರವೃತ್ತಿಗೆ ಎದುರಾಗಿ ಬೀಟಲ್ಸ್ ತಂಡದ 2009ರ ಪುನರ್ಮುದ್ರಣವನ್ನು ಹೇಳಬಹುದು: ಅಲ್ಲಿ ಸ್ಟೀರಿಯೋ ಆವೃತ್ತಿಗೆ ಮಿತವಾಗಿ ಮಾತ್ರ ಅದುಮುವಿಕೆಯನ್ನು ಪ್ರಯೋಗಿಸಿ, ಮಾನೋ ಆವೃತ್ತಿಯನ್ನು ಅದಿಲ್ಲದೆಯೇ ಬಿಟ್ಟು, ಹಾಗೆ ಮಾಡಿರುವುದಾಗಿ ಬಹಿರಂಗವಾಗಿ ತಿಳಿಸಿದರು. ಆ ತಿಳಿಸುವಿಕೆಯೇ ನಮಗೆ ಅನುಕರಣೀಯವಾದುದು.

ಈ ಸೀಮೆಗೆ ಪಾಠಸಂಪಾದನೆ ಹೊಸ ವಿದ್ಯೆಯಲ್ಲ. ಫ. ಗು. ಹಳಕಟ್ಟಿಯವರು ತಾಳೆಯೋಲೆಗಳನ್ನು ಊರೂರಿನಿಂದ ಕೂಡಿಹಾಕಿ 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದಂದಿನಿಂದ ನಮ್ಮ ವಿದ್ವಾಂಸರು ಪ್ರತಿಗಳನ್ನು ಹೋಲಿಸುವ, ಪಾಠಾಂತರವನ್ನು ಅಡಿಟಿಪ್ಪಣಿಯಲ್ಲಿ ಕೊಡುವ, ತಮ್ಮ ತಿದ್ದುಪಡಿಯನ್ನು ಗುರುತಿಸಿ ತೋರಿಸುವ ಶಿಸ್ತನ್ನು ಬೆಳೆಸಿಕೊಂಡು ಬಂದಿದ್ದಾರೆ. ಒಂದು ಓಲೆಯಲ್ಲಿ ಅಕ್ಷರ ಅಳಿಸಿದ್ದರೆ ಅಲ್ಲಿ ಚುಕ್ಕೆಯಿಡುವರೇ ಹೊರತು, ಗೊತ್ತಿಲ್ಲದಂತೆ ಹೊಸ ಪದ ತುಂಬುವುದಿಲ್ಲ. ಪ್ಲೇಟಿನ ಪುನರ್ಮುದ್ರಕನಿಗೂ ಅದೇ ಧರ್ಮ ಸಲ್ಲಬೇಕು: ಯಾವ ಸಂಖ್ಯೆಯ ಪ್ಲೇಟಿನಿಂದ ತೆಗೆದುದು, ಲೋಹದ ಅಚ್ಚಿನಿಂದಲೋ ಸಂಗ್ರಾಹಕರ ಮನೆಯ ಪ್ರತಿಯಿಂದಲೋ, ಯಾವ ವೇಗ, ಯಾವ ಸಮೀಕರಣ, ಏನನ್ನು ಕಳೆಯಲಾಯಿತು, ಎರಡು ಮಗ್ಗುಲುಗಳನ್ನು ಎಲ್ಲಿ ಬೆಸೆಯಲಾಯಿತು ಎಂಬಿಷ್ಟನ್ನು ಹೊದಿಕೆಯಲ್ಲಿ ಅಚ್ಚುಹಾಕುವುದಕ್ಕೆ ಬೇಕಾಗುವುದು ಕೆಲವು ಸಾಲುಗಳು. ಪ್ರಾಚೀನ ಪ್ಲೇಟುಗಳ ಕೊನೆಯಲ್ಲಿ ಗಾಯಕಿಯು ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತಿದ್ದ ಮಾತನ್ನೂ ಅನೇಕ ಪುನರ್ಮುದ್ರಿಕೆಗಳಲ್ಲಿ ಕತ್ತರಿಸಿರುವುದುಂಟು. ಜರ್ಮನಿಯ ಹ್ಯಾನೋವರಿನಲ್ಲಿ ಪ್ಲೇಟು ಒತ್ತುತ್ತಿದ್ದವರಿಗೆ ಹಾಡಿದವರು ಯಾರೆಂದು ತಿಳಿಯಲೆಂದು ಹೇಳಿದ ಆ ಮಾತು ಹಾಡಿನಷ್ಟೇ ದೊಡ್ಡ ದಾಖಲೆ.

ಇಷ್ಟೆಲ್ಲ ವಿಚಾರಕ್ಕೆ ಆಧಾರವಾದ ಮೂಲಪ್ರತಿಗಳೇ ಉಳಿಯದಿದ್ದರೆ ಮಾತು ವ್ಯರ್ಥ. ಬೆಳಗಾವಿ ಜಿಲ್ಲೆಯ ಮೂಡಣ ಭಾಗವಾದ ಅಥಣಿಯು ಒಣನಾಡು. ಖಾನಾಪುರ ತಾಲ್ಲೂಕಾದರೋ ಮಲಪ್ರಭೆ ಹುಟ್ಟುವ ಕಣಕುಂಬಿಯವರೆಗೆ ಹಬ್ಬಿದ ಮಲೆನಾಡು, ಆಷಾಢ ಶ್ರಾವಣಗಳಲ್ಲಿ ಗೋಡೆಗಳೇ ಬೆವರುವಂಥದು. ಅಲ್ಲಿಯ ಅಟ್ಟದ ಮೇಲೆ ಒಂದರ ಮೇಲೊಂದು ಪೇರಿಸಿಟ್ಟ ಪ್ಲೇಟುಗಳ ಕಾಗದದ ಚೀಲಕ್ಕೆ ಮೊದಲು ಬೂಷ್ಟು ಹಿಡಿದು, ಅಲ್ಲಿಂದ ಪ್ಲೇಟಿನ ಮೈಗೆ ದಾಟಿ, ಗೆರೆಯ ಗೋಡೆಯನ್ನು ತಿನ್ನುತ್ತದೆ. ಅದರ ಸದ್ದು ಮುಳ್ಳಿನ ಸವೆತದ ಸದ್ದಿನಂತಿರದೆ ಮಂದವಾದ ಗೊರಗೊರವಾಗಿ ಕೇಳಿಸುವುದರಿಂದ, ಕಿವಿ ಪಳಗಿದವನು ಪ್ರತಿಯೊಂದು ಎಲ್ಲಿ ಕಾಲ ಕಳೆದಿದೆಯೆಂಬುದನ್ನು ಒಂದುಮಟ್ಟಿಗೆ ಊಹಿಸಬಲ್ಲನು. ಇಂಥ ಪ್ಲೇಟನ್ನು ಸ್ಪಿರಿಟ್ಟಿನಿಂದ ಒರೆಸುವುದು ಅದನ್ನು ಕೊಂದಂತೆಯೇ, ಏಕೆಂದರೆ ಅರಗು ಆ ದ್ರವದಲ್ಲಿ ಕರಗಿಹೋಗುವುದು. ಭಟ್ಟಿಯಿಳಿಸಿದ ನೀರಿನಲ್ಲಿ ಮೃದುವಾದ ಬ್ರಷ್ಷಿನಿಂದ, ನಡುವಣ ಚೀಟಿಗೆ ತೇವ ತಗಲದಂತೆ ತೊಳೆದು, ನೆರಳಿನಲ್ಲಿ ಆರಿಸಿ, ಹೊಸ ಚೀಲದಲ್ಲಿ ನೆಟ್ಟಗೆ ನಿಲ್ಲಿಸಿಡತಕ್ಕದ್ದು. ಅನಂತರ ಸರಿಯಾದ ಮುಳ್ಳು ಹಾಕಿ, ಸದ್ದಿಳಿಸದೆ, ಅದುಮದೆ, ಒಡಕು ಚಟಪಟಗಳ ಸಹಿತ ಹೇಗಿದೆಯೋ ಹಾಗೆಯೇ 24 ಬಿಟ್ಟಿನ ದಾಖಲೆಯೊಂದನ್ನು ಮಾಡಿಟ್ಟುಕೊಂಡು, ಕೇಳುಗರಿಗಾಗಿ ಎಷ್ಟು ಬೇಕೋ ಅಷ್ಟು ಸಂಸ್ಕರಿಸಿದ ಬೇರೆ ಪ್ರತಿಯನ್ನು ಅದರಿಂದ ತೆಗೆಯಬಹುದು.