ಗಂಜಿನ ಜಗಲಿಯಿಂದ ಮೆಜೆಸ್ಟಿಕ್ಕಿನ ಲಾಡ್ಜಿಗೆ

ಸಿಂಧನೂರಿನ ಅಕ್ಕಿ ಬೆಂಗಳೂರಿಗೆ ಹೋದರೆ ಗೋದಾಮಿನಲ್ಲಿ ಮಲಗುತ್ತದೆ. ಅದರ ಬಾಕಿ ವಸೂಲಿಗೆ ಹೋದ ಗುಮಾಸ್ತ ಎಲ್ಲಿ ಮಲಗಬೇಕು ಎಂಬುದನ್ನು ಯಾವ ಬಿಲ್ಲಿನಲ್ಲೂ ಬರೆದಿರುವುದಿಲ್ಲ. ನಾನು ಆ ಗುಮಾಸ್ತ. ಹುಟ್ಟೂರು ಮಸ್ಕಿ, ಹೆಂಡತಿಯ ತವರು ಲಿಂಗಸುಗೂರು, ಅನ್ನ ಕೊಟ್ಟದ್ದು ಸಿಂಧನೂರಿನ ರೈಸ್ ಮಿಲ್ಲು. ಲೆವಿ ಅಕ್ಕಿಯ (ಮಿಲ್ಲುಗಳು ಸರ್ಕಾರಕ್ಕೆ ಕಡ್ಡಾಯವಾಗಿ ಕೊಡಬೇಕಿದ್ದ ಪಾಲು) ಕಾಗದಪತ್ರ, ವ್ಯಾಪಾರಿಗಳ ಉದ್ರಿ, ಯಂತ್ರದ ಬಿಡಿಭಾಗ, ಇವುಗಳ ಬೆನ್ನು ಹತ್ತಿ ತಿಂಗಳು ತಿಂಗಳು ಬೆಂಗಳೂರಿಗೆ ಓಡಾಡಿದವನು. ನಮ್ಮ ಸೀಮೆಯ ಕೋಟೆ, ಶಾಸನ, ಯುದ್ಧಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ವ್ಯವಹಾರಕ್ಕೆಂದು ಪರಸ್ಥಳಕ್ಕೆ ಹೋದ ನಮ್ಮ ಜನ ರಾತ್ರಿ ಎಲ್ಲಿ ತಲೆ ಊರಿದರು ಎಂಬುದೂ ಇತಿಹಾಸವೇ. ಲೆಕ್ಕ ಬರೆದ ಕೈ ನನ್ನದು, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ವಸತಿ ನಮಗೆ ಎಂದೂ ಬಿಟ್ಟಿ ಸಿಕ್ಕಿಲ್ಲ. ಅದರ ಬೆಲೆಯನ್ನು ರೊಕ್ಕದಲ್ಲಿ ಕೊಡತೊಡಗಿದ್ದು ಮಾತ್ರ ಈಚೆಗೆ.

ನಮ್ಮ ಮಸ್ಕಿಯ ಬಂಡೆಯಿಂದಲೇ ಶುರು ಮಾಡಬಹುದು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಎಂಬವರು ಇಲ್ಲಿ ಕಂಡುಹಿಡಿದ ಶಾಸನದಲ್ಲಿ ‘ಅಶೋಕ’ ಎಂಬ ಹೆಸರೇ ಇತ್ತು; ದೇವಾನಾಂಪ್ರಿಯ ಅಂದರೆ ಅಶೋಕನೇ ಎಂಬುದು ಅದರಿಂದ ಗಟ್ಟಿಯಾಯಿತು. ಇದು ಶಾಲೆಯ ಮಕ್ಕಳಿಗೂ ಗೊತ್ತು. ಅದೇ ಅಶೋಕ ತನ್ನ ಏಳನೆಯ ಸ್ತಂಭಶಾಸನದಲ್ಲಿ ದಾರಿಯುದ್ದಕ್ಕೂ ಆಲದ ಮರ ನೆಡಿಸಿದ್ದು, ಬಾವಿ ತೋಡಿಸಿದ್ದು, ತಂಗುದಾಣ ಕಟ್ಟಿಸಿದ್ದನ್ನು ಹೇಳಿಕೊಂಡಿದ್ದಾನೆ ಎಂಬುದು ಅಷ್ಟಾಗಿ ಯಾರಿಗೂ ನೆನಪಿರುವುದಿಲ್ಲ. ದಾರಿಹೋಕನಿಗೆ ನೆರಳು, ನೀರು, ಮಲಗಲು ಜಾಗ ಒದಗಿಸುವುದು ಆಳುವವರ ಕೆಲಸ ಎಂಬ ತಿಳಿವಳಿಕೆ ಈ ದೇಶದಲ್ಲಿ ಅಷ್ಟು ಹಳೆಯದು.

ಅಲ್ಲಿಂದ ನನ್ನ ಅಜ್ಜನ ಕಾಲಕ್ಕೆ ಜಿಗಿಯುತ್ತೇನೆ. ಲಿಂಗಸುಗೂರು ಒಂದು ಕಾಲಕ್ಕೆ ಹೈದರಾಬಾದ್ ಕಂಟಿಂಜೆಂಟಿನ ದಂಡು ಬೀಡುಬಿಟ್ಟಿದ್ದ ಊರು, ಜಿಲ್ಲಾ ಕೇಂದ್ರ. 1905ರಲ್ಲಿ, ಆಗ ನಮ್ಮನ್ನಾಳುತ್ತಿದ್ದ ಹೈದರಾಬಾದಿನ ನಿಜಾಮ ಸರ್ಕಾರ ಆ ಜಿಲ್ಲೆಯನ್ನು ಒಡೆದು ಹಂಚಿತು. ಲಿಂಗಸುಗೂರು, ಸಿಂಧನೂರು ರಾಯಚೂರಿನ ಪಾಲಾದವು. ಹತ್ತಿರದ ಕಚೇರಿಯಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ದೂರದ ರಾಯಚೂರಿಗೆ ಹೋಗಬೇಕಾಯಿತು. ವ್ಯಾಪಾರ ಅದಕ್ಕೂ ಮೊದಲೇ ಅತ್ತ ತಿರುಗಿತ್ತು. 1871ರಲ್ಲಿ ಮುಂಬಯಿ ಕಡೆಯ ರೈಲುದಾರಿ ಮತ್ತು ಮದ್ರಾಸ್ ಕಡೆಯ ರೈಲುದಾರಿ ರಾಯಚೂರಿನಲ್ಲೇ ಕೂಡಿದ್ದವು. ಹತ್ತಿ, ಶೇಂಗಾ ಬೆಳೆದವರ ಗಾಡಿಗಳೆಲ್ಲ ಆ ಕಡೆಗೇ.

ಎತ್ತಿನ ಗಾಡಿಗೆ ಅದು ಕೆಲವು ದಿನಗಳ ದಾರಿ. ರಾತ್ರಿ ಊರ ಹೊರಗಿನ ಗುಡಿ, ಮಠ, ಇಲ್ಲವೆ ಬಾವಿ ಇರುವ ತೋಪು. ರಾಯಚೂರು ಮುಟ್ಟಿದ ಮೇಲೆ ಗಂಜಿನ, ಅಂದರೆ ಮಾರುಕಟ್ಟೆಯ, ಅಡತಿ (ದಲ್ಲಾಳಿ) ಅಂಗಡಿ. ಮುಂದೆ ಗಾದಿ, ಹಿಂದೆ ಗೋದಾಮು, ನಡುವೆ ತಕ್ಕಡಿ. ಗಾದಿಯ ಮೇಲೆ ಲೋಡಿಗೆ ಒರಗಿದ ಸಾವುಕಾರ, ಪಕ್ಕದಲ್ಲಿ ಕೆಂಪು ಬಟ್ಟೆ ಸುತ್ತಿದ ಖಾತೆ ಪುಸ್ತಕ. ಹೊತ್ತು ಮುಳುಗಿ ಬಾಗಿಲು ಹಾಕಿದ ಮೇಲೆ ಜಗಲಿ ಮಾಲು ತಂದವರದು. ಎತ್ತುಗಳನ್ನು ಗಾಲಿಗೆ ಕಟ್ಟಿ, ಒಬ್ಬ ಮಾಲು ಕಾಯಲು ಗಾಡಿಯಲ್ಲೇ ಉಳಿದು, ಮಿಕ್ಕವರು ಕಂಬಳಿ ಹಾಸಿ ಮಲಗುತ್ತಿದ್ದರು. ಬುತ್ತಿ ಮನೆಯದೇ: ಕಟಗ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಸಾವುಕಾರರ ಮನೆಯಿಂದ ಒಂದು ಪಾತ್ರೆ ಸಾರು ಬಂದರೆ ಊರಿಗೆ ಹೋಗಿ ಅದನ್ನೇ ವರ್ಣಿಸುತ್ತಿದ್ದರಂತೆ.

ಬಾಡಿಗೆ ಒಂದು ಪೈಸೆಯೂ ಇಲ್ಲ. ಆದರೆ ಖಾತೆ ಪುಸ್ತಕ ಬಿಚ್ಚಿ ನೋಡಬೇಕು. ಅಡತಿ, ಹಮಾಲಿ, ತೂಕದ ಕಡಿತ, ಧರ್ಮಾದಾಯ ಎಂದು ಒಂದೊಂದಾಗಿ ಕಳೆದ ಮೇಲೆ ಉಳಿದದ್ದು ರೈತನ ಕೈಗೆ. ಬಿತ್ತನೆಗೆ ಮುಂಗಡ ಕೊಟ್ಟ ಸಾವುಕಾರನನ್ನು ಬಿಟ್ಟು ಪಕ್ಕದ ಅಂಗಡಿಯ ಜಗಲಿ ಹತ್ತುವಂತಿರಲಿಲ್ಲ. ಮಲಗಿದಲ್ಲೇ ಮಾರಬೇಕು. ಧಾರಣೆ ಸರಿಯಿಲ್ಲ ಎನಿಸಿದರೆ ಎರಡು ದಿನ ಕಾಯೋಣವೆಂದರೆ, ಕಾಯುವುದೂ ಅವನದೇ ಜಗಲಿಯಲ್ಲಿ. ಹೀಗಾಗಿ ಆ ವಸತಿಯ ಬಾಡಿಗೆ ಹತ್ತಿಯ ಧಾರಣೆಯೊಳಗೇ ಸೇರಿರುತ್ತಿತ್ತು. ಸಾವುಕಾರರೆಲ್ಲ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಜ್ವರ ಬಂದವನಿಗೆ ಔಷಧ ಕೊಡಿಸಿ, ಗಾಡಿ ಮಾಡಿ ಊರಿಗೆ ಕಳಿಸಿದವರೂ ಅವರೇ. ಸಂಬಂಧದ ಗುಣವೇ ಹಾಗೆ, ಉಪಕಾರವೂ ಹಿಡಿತವೂ ಒಂದೇ ಗಂಟಿನಲ್ಲಿ ಬರುತ್ತವೆ.

ಆ ಜಗಲಿ ಎಲ್ಲರದೂ ಆಗಿರಲಿಲ್ಲ ಎಂಬುದನ್ನೂ ಬರೆಯಬೇಕು. ಚರ್ಮ, ಕಂಬಳಿ, ಹಗ್ಗ ಮಾರಲು ಬಂದವರಲ್ಲಿ ಕೆಲವರಿಗೆ ಜಗಲಿಯ ಕೆಳಗಿನ ನೆಲವೇ ಗತಿ. ಛತ್ರ, ಧರ್ಮಶಾಲೆಗಳಲ್ಲೂ ಮೊದಲು ಕೇಳುತ್ತಿದ್ದದ್ದು ಕುಲ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಹೋಟೆಲಿನ ಜತೆಗೆ ಧರ್ಮಶಾಲೆ, ಸರಾಯಿ, ಮುಸಾಫಿರಖಾನೆಗಳನ್ನೂ ಹೆಸರಿಸಿಯೇ ಬರೆಯಬೇಕಾಯಿತು. ಕಾನೂನು ಹೆಸರು ಹಿಡಿದು ಹೇಳಬೇಕಾಗಿ ಬಂತು ಎಂದರೆ ಅಲ್ಲಿ ಏನು ನಡೆಯುತ್ತಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನನ್ನ ಅಪ್ಪನ ಕಾಲಕ್ಕೆ ದೊಡ್ಡ ಪಟ್ಟಣ ಎಂದರೆ ಹೈದರಾಬಾದ್. ಜಮೀನಿನ ತಕರಾರು ಹೈಕೋರ್ಟಿಗೆ ಹೋದರೆ ಪೇಶಿಗೆ, ಅಂದರೆ ವಿಚಾರಣೆಗೆ, ಅಲ್ಲಿಗೇ ಹೋಗಬೇಕು. ರಾಯಚೂರಿನಲ್ಲಿ ರೈಲು ಹತ್ತಿ, ವಾಡಿಯಲ್ಲಿ ಇಳಿದು, 1874ರಲ್ಲಿ ಶುರುವಾದ ನಿಜಾಮರ ದಾರಿಯ ರೈಲು ಹಿಡಿಯಬೇಕು. ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರಂ ನಮ್ಮವರ ಮೊದಲ ಲಾಡ್ಜು ಎಂದರೆ ತಪ್ಪಿಲ್ಲ. ಹೈದರಾಬಾದಿನಲ್ಲಿ ನಾಂಪಲ್ಲಿ ನಿಲ್ದಾಣದ ಹತ್ತಿರವೇ ಸರಾಯಿ ಇತ್ತು, ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಕಾಲದಲ್ಲಿ ಕಟ್ಟಿಸಿದ್ದು. ರೈಲು ಇಳಿದವನು ಗಂಟು ಹೊತ್ತು ಕಾಲ್ನಡಿಗೆಯಲ್ಲೇ ತಲುಪಬೇಕು ಎಂಬ ವಿವೇಕ ಕಟ್ಟಿಸಿದವರಿಗೆ ಇತ್ತು. 1932ರಲ್ಲಿ ನಿಜಾಮ ಸರ್ಕಾರ ರೈಲ್ವೆಯ ಅಂಗವಾಗಿ ಬಸ್ಸು ಓಡಿಸತೊಡಗಿತು. ಸರ್ಕಾರಿ ಬಸ್ಸು ಕಂಡ ಮೊದಲ ಪ್ರಾಂತಗಳಲ್ಲಿ ನಮ್ಮದೂ ಒಂದು. ಅಧಿಕಾರಿಗಳಿಗೆ ಪ್ರವಾಸಿ ಬಂಗಲೆಗಳಿದ್ದವು. ಪಕ್ಕದ ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಕಟ್ಟಿಸಿದ ಮನೆ, ಟೇಲರ್ ಮಂಜಿಲ್, ಮುಂದೆ ಅಂಥ ಬಂಗಲೆಯೇ ಆಯಿತು. ಅಲ್ಲಿ ವ್ಯಾಪಾರಿಗೆ ಕೋಣೆ ಸಿಗುವುದು ಯಾವ ಸಾಹೇಬರೂ ಬಾರದ ದಿನ ಮಾತ್ರ.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ನಮ್ಮ ರಾಜಧಾನಿ ಬದಲಾಯಿತು. ಹೈದರಾಬಾದಿನ ವಕೀಲರು, ಸರಾಯಿ, ಉರ್ದು ಅರ್ಜಿ ಬರೆಯುವವರು, ಹೀಗೆ ಒಂದು ತಲೆಮಾರು ಕಟ್ಟಿಕೊಂಡ ಪರಿಚಯವೆಲ್ಲ ಒಂದು ದಿನಕ್ಕೆ ಬೇರೆ ರಾಜ್ಯದ್ದಾಯಿತು. ಇನ್ನು ಬೆಂಗಳೂರು. ಸಿಂಧನೂರಿನಿಂದ ಸುಮಾರು 400 ಕಿಲೋಮೀಟರು, ನೇರ ರೈಲಿಲ್ಲ, ನೆಂಟರಿಲ್ಲ, ನಮ್ಮ ಮಾತು ಕೇಳಿ ‘ಯಾವ ಊರು?’ ಎಂದು ನಗುವವರೇ ಹೆಚ್ಚು. ಅದೇ ಹೊತ್ತಿಗೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಜೋಳದ ಹೊಲಗಳನ್ನು ಗದ್ದೆ ಮಾಡಿತು. ಆಂಧ್ರದಿಂದ ರೈತರು ಬಂದು ಕ್ಯಾಂಪು ಕಟ್ಟಿದರು, ರೈಸ್ ಮಿಲ್ಲುಗಳೆದ್ದವು. ಮಾರುವ ಅಕ್ಕಿ ಹೆಚ್ಚಿದ ಹಾಗೆ ಬೆಂಗಳೂರಿಗೆ ಹೋಗುವವರೂ ಹೆಚ್ಚಿದರು.

ಹೋದವರಿಗೆ ಮೂರು ದಾರಿ. ಮೊದಲನೆಯದು ತೋಟದಪ್ಪನ ಛತ್ರ. ಗುಬ್ಬಿಯ ವ್ಯಾಪಾರಿ ತೋಟದಪ್ಪನವರು ಬೆಂಗಳೂರಿನ ರೈಲು ನಿಲ್ದಾಣದ ಎದುರೇ ಜಾಗ ಕೊಂಡು ಕಟ್ಟಿಸಿದ ಛತ್ರ 1903ರಲ್ಲಿ ಶುರುವಾಯಿತು. ಸ್ವತಃ ವ್ಯಾಪಾರಿಯಾದ್ದರಿಂದ ಅವರಿಗೆ ಗೊತ್ತಿತ್ತು, ಧರ್ಮ ಮಾಡುವುದಾದರೆ ಊರ ಮೂಲೆಯಲ್ಲಿ ಮಾಡಿದರೆ ಫಲವಿಲ್ಲ. ನಿಲ್ದಾಣದ ಎದುರಿನ ಆ ಜಾಗದ ಬೆಲೆ ಇಂದು ಊಹಿಸಿ. ಅಲ್ಲಿ ಸಾಮಾನ್ಯನಿಗೆ ಕಡಿಮೆ ದರಕ್ಕೆ ಕೋಣೆ ಕೊಡುತ್ತ ಬಂದದ್ದು ಬೆಂಗಳೂರಿನ ದೊಡ್ಡ ದಾನಗಳಲ್ಲೊಂದು. ಕೋಣೆ ಸಿಗುವುದು ಮೊದಲು ಬಂದವರಿಗೆ. ನಮ್ಮ ಬಸ್ಸು ತಡವಾಯಿತೋ, ಮುಗಿಯಿತು.

ಎರಡನೆಯದು ಶಾಸಕರ ಭವನ. ಕ್ಷೇತ್ರದ ಎಂಎಲ್‌ಎ ಸಾಹೇಬರ ಕೋಣೆ ಎಂದರೆ ಉತ್ತರ ಕರ್ನಾಟಕದವರಿಗೆ ಬೆಂಗಳೂರಿನ ಸ್ವಂತ ಮನೆ. ಮಂಚದ ಮೇಲೆ ಮುಖಂಡರು, ನೆಲದ ಮೇಲೆ ವರ್ಗಾವಣೆಗೆ ಬಂದ ಮಾಸ್ತರರು, ಆಸ್ಪತ್ರೆಗೆ ಬಂದ ರೋಗಿಯ ಕಡೆಯವರು, ಗೋಡೆಗೆ ಒತ್ತಿಕೊಂಡು ನನ್ನಂಥ ಗುಮಾಸ್ತರು. ವಿಧಾನಸೌಧ ಕೂಗಳತೆಯಲ್ಲಿ. ಬಾಡಿಗೆ ಇಲ್ಲ. ಆದರೆ ‘ಏನ್ರೀ, ನಮ್ಮ ರೂಮಿನ್ಯಾಗ ಮಲಗಿ ಹೋದವ್ರು ಈ ಸಲ ಕೈ ಬಿಡೂದಿಲ್ಲಲ್ಲ?’ ಎಂಬ ಮಾತು ಚುನಾವಣೆಯ ಹೊತ್ತಿಗೆ ನಗುತ್ತಲೇ ಬರುತ್ತಿತ್ತು. ಅಡತಿ ಅಂಗಡಿಯ ಜಗಲಿ ಬೆಂಗಳೂರಿಗೂ ಬಂದಿತ್ತು.

ಮೂರನೆಯದು ಲಾಡ್ಜು. ಧರ್ಮಾಂಬುಧಿ ಕೆರೆಯಂಗಳದಲ್ಲಿ ಎದ್ದ ಮೆಜೆಸ್ಟಿಕ್ ಬಸ್ ನಿಲ್ದಾಣದ ಸುತ್ತ, ಉಪ್ಪಾರಪೇಟೆ, ಗಾಂಧಿನಗರ, ಕಾಟನ್‌ಪೇಟೆಯ ಗಲ್ಲಿಗಳಲ್ಲಿ ಸಾಲು ಸಾಲು. ಕೌಂಟರಿನಲ್ಲಿ ದಪ್ಪ ರಿಜಿಸ್ಟರು: ಹೆಸರು, ಊರು, ಬಂದ ಕಾರಣ, ಸಹಿ. ಮುಂಗಡ ಕೊಟ್ಟರೆ ಬೀಗದ ಕೈ. ಕಿಟಕಿ ತೆರೆದರೆ ಎದುರು ಗೋಡೆ. ಬಿಸಿನೀರು ಬೆಳಿಗ್ಗೆ ಕೆಲವು ತಾಸು ಮಾತ್ರ. ಆದರೂ ನನ್ನಂಥವನಿಗೆ ಅದು ದೊಡ್ಡ ಬಿಡುಗಡೆ. ಯಾರ ಧಾರಣೆಗೂ ತಲೆಯಾಡಿಸಬೇಕಿಲ್ಲ, ಯಾರ ಕಡೆಯವನೆಂದು ಹೇಳಬೇಕಿಲ್ಲ. ನಮ್ಮ ಮಿಲ್ಲಿನ ದಲಿತ ಲಾರಿ ಡ್ರೈವರ್ ಒಬ್ಬ ಹೇಳುತ್ತಿದ್ದ: ‘ರೊಕ್ಕ ಕೇಳ್ತಾರ, ಕುಲ ಕೇಳಂಗಿಲ್ಲ. ಸಾಕಲ್ಲ ಅಣ್ಣಾ.’ ಲಾಡ್ಜಿನ ಪರವಾಗಿ ಇದಕ್ಕಿಂತ ದೊಡ್ಡ ಮಾತನ್ನು ನಾನು ಕೇಳಿಲ್ಲ. ಈ ಬಿಡುಗಡೆ ಹೆಂಗಸರಿಗೆ ಸಿಗಲಿಲ್ಲ. ಒಂಟಿಯಾಗಿ ಬಂದ ಹೆಂಗಸಿಗೆ ‘ಕೋಣೆ ಖಾಲಿ ಇಲ್ಲ’ ಎನ್ನುವ ಕೌಂಟರುಗಳನ್ನು ನಾನೇ ಕಂಡಿದ್ದೇನೆ, ಹಿಂದಿನ ಹಲಗೆಯಲ್ಲಿ ಕೀಲಿಕೈಗಳು ಸಾಲಾಗಿ ತೂಗುತ್ತಿರುವಾಗಲೇ.

ಬಾಡಿಗೆ ಬಂದ ಮೇಲೆ ಲೆಕ್ಕ ಬಂತು. ಕೆಲಸ ಹಳೆ ತರಗುಪೇಟೆ, ಅಕ್ಕಿಪೇಟೆಗಳಲ್ಲಿ ಇದ್ದಾಗ ಮೆಜೆಸ್ಟಿಕ್ಕಿನ ಲಾಡ್ಜು ಸರಿ, ನಡೆದೇ ಹೋಗಬಹುದು. ದಿನಸಿಯ ದೊಡ್ಡ ವ್ಯಾಪಾರ ಯಶವಂತಪುರದ ಯಾರ್ಡಿಗೆ ಸರಿದ ಮೇಲೆ ಅದೇ ಕೋಣೆ ದುಬಾರಿಯಾಯಿತು, ಬಾಡಿಗೆ ಏರದಿದ್ದರೂ. ಆಟೋದ ರೊಕ್ಕ ಕೂಡಿಸಿ, ಕಳೆದ ಹೊತ್ತನ್ನು ಕೂಡಿಸಿ, ಅಂಗಡಿ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರದೆ ಕೈತಪ್ಪಿದ ವಸೂಲಿಯನ್ನು ಕೂಡಿಸಿ ನೋಡಿದರೆ, ಯಾರ್ಡಿನ ಎದುರಿನ ಹೆಚ್ಚು ದರದ ಕೋಣೆಯೇ ಅಗ್ಗ. ಇದನ್ನು ಸಾವುಕಾರರಿಗೆ ಒಪ್ಪಿಸುವುದು ಕಷ್ಟ. ಅವರ ಕಣ್ಣಿಗೆ ಬೀಳುವುದು ಲಾಡ್ಜಿನ ರಸೀದಿಯ ಅಂಕಿ ಮಾತ್ರ. ಆದ್ದರಿಂದ ಗುಮಾಸ್ತರು ನಾಲ್ಕನೆಯ ದಾರಿ ಕಂಡುಕೊಂಡರು: ರಾತ್ರಿ ಬಸ್ಸಿನಲ್ಲೇ ನಿದ್ದೆ, ಬೆಳಿಗ್ಗೆ ಸುಲಭ ಶೌಚಾಲಯದಲ್ಲೋ ತಾಸಿನ ಲೆಕ್ಕದ ಕೋಣೆಯಲ್ಲೋ ಸ್ನಾನ, ಹಗಲೆಲ್ಲ ಕೆಲಸ, ಮತ್ತೆ ರಾತ್ರಿ ಬಸ್ಸು. ಸಿಂಧನೂರು, ಲಿಂಗಸುಗೂರಿನ ಎಷ್ಟೋ ಜನರಿಗೆ ಬೆಂಗಳೂರಿನ ಲಾಡ್ಜು ಇಂದಿಗೂ ಸಾರಿಗೆ ಸಂಸ್ಥೆಯ ಸೀಟೇ. ಬೆನ್ನಿನ ನೋವು ಯಾವ ಖಾತೆಗೂ ಬರೆಯಲಾಗದ ಖರ್ಚು.

ಈಚಿನ ವರ್ಷಗಳಲ್ಲಿ ಕೆಲವು ಬದಲಾವಣೆಗಳಾದವು. 2008ರಲ್ಲಿ ಹೈಕೋರ್ಟಿನ ಪೀಠ ಕಲಬುರಗಿಗೆ ಬಂದು ಪೇಶಿಯ ದಾರಿ ಹತ್ತಿರವಾಯಿತು. 2015ರಲ್ಲಿ ಲೆವಿ ನಿಂತು, ಅದರ ಓಡಾಟವೂ ನಿಂತಿತು. 2022ರ ಜುಲೈವರೆಗೆ ದಿನಕ್ಕೆ ಸಾವಿರ ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಇರಲಿಲ್ಲ; ಆಮೇಲೆ ಶೇ 12 ಹಾಕಿದರು, 2025ರ ಸೆಪ್ಟೆಂಬರಿನಲ್ಲಿ ಶೇ 5ಕ್ಕೆ ಇಳಿಸಿದರು. ಸಾವಿರದೊಳಗಿನ ಕೋಣೆ ಹುಡುಕುವವನು ವಿಹಾರಕ್ಕೆ ಬಂದವನಲ್ಲ ಎಂಬುದು ತೆರಿಗೆ ಹಾಕುವವರಿಗೆ ಪೂರ್ತಿ ತಿಳಿದಿಲ್ಲ ಎಂದೇ ನನ್ನ ಅಭಿಪ್ರಾಯ. 2024ರ ಮಾರ್ಚಿನಲ್ಲಿ ಸಿಂಧನೂರಿಗೆ ಕೊನೆಗೂ ರೈಲು ಬಂತು. ಯಶವಂತಪುರಕ್ಕೆ ನೇರವಾಗಿ ಹೋಗುವ ಗಾಡಿಯೂ ಇದೆ. ಇಳಿದರೆ ದಿನಸಿ ಯಾರ್ಡು ಹತ್ತಿರ.

ಈ ರೈಲಿನ ಜತೆಗೆ ಒಂದು ಕೆಲಸವಾಗಬೇಕು. ಕೃಷಿ ಮಾರುಕಟ್ಟೆ ಸಮಿತಿಗಳು ನಮ್ಮ ಪ್ರತಿ ಚೀಲದ ಮೇಲೂ ಶುಲ್ಕ ಪಡೆಯುತ್ತ ಬಂದಿವೆ. ರೈತ ಭವನ ಎಂದು ಹಲವು ಯಾರ್ಡುಗಳಲ್ಲಿ ಕಟ್ಟಡಗಳೂ ಇವೆ. ಯಶವಂತಪುರದಂಥ ದೊಡ್ಡ ಯಾರ್ಡಿನಲ್ಲೂ, ಹೊರಗಿನ ವ್ಯಾಪಾರಿಗಳು, ಕಟಾವು ಯಂತ್ರದ ಚಾಲಕರು ಬಂದು ಸೇರುವ ನಮ್ಮ ಸಿಂಧನೂರಿನ ಗಂಜಿನಲ್ಲೂ, ಮಂಚದ ಲೆಕ್ಕದಲ್ಲಿ ಬಾಡಿಗೆ ಪಡೆಯುವ, ಬಿಸಿನೀರು ಮತ್ತು ಗಟ್ಟಿ ಬೀಗವಿರುವ, ಹೆಂಗಸರಿಗೆ ಪ್ರತ್ಯೇಕ ಭಾಗವಿರುವ ಸಾದಾ ವಸತಿಗೃಹ ನಡೆಸಬೇಕು. ಬಿಟ್ಟಿ ಕೊಡುವುದು ಬೇಡ. ಬಿಟ್ಟಿಯ ಬೆಲೆ ಎಷ್ಟೆಂದು ನಮ್ಮ ಅಜ್ಜಂದಿರ ಖಾತೆಗಳು ಹೇಳುತ್ತವೆ. ನ್ಯಾಯವಾದ ಬಾಡಿಗೆ ತೆಗೆದುಕೊಳ್ಳಿ, ರಸೀದಿ ಕೊಡಿ, ಜಾಗ ಮಾತ್ರ ಮಾರುಕಟ್ಟೆಯ ಬಾಗಿಲಲ್ಲೇ ಇರಲಿ.